ಚಿತ್ರತುರಗನ್ಯಾಯವೂ ಸ್ವಲೀನರ ಚಿತ್ರಣವೂ



ಅಲಂಕಾರಶಾಸ್ತ್ರದಲ್ಲಿ ಚಿತ್ರತುರಗನ್ಯಾಯವೆಂಬುದೊಂದು ಪ್ರಸಿದ್ಧವಾಗಿರುವುದು. ಭರತನ ರಸಸೂತ್ರವನ್ನು ವ್ಯಾಖ್ಯಾನಿಸಿದ ಶ್ರೀಶಂಕುಕನು ಇದನ್ನು ದೃಷ್ಟಾಂತವಾಗಿ ಎತ್ತಿಕೊಂಡಿರುವನು. ಗೋಡೆಯ ಮೇಲೆ ಬರೆದ ಕುದುರೆಯನ್ನು ನೋಡಿದವನು ಅದನ್ನು ಕುದುರೆಯೆಂದೇ ತಿಳಿಯುವನು. ಆ ತಿಳಿವಳಿಕೆಯನ್ನು ಸತ್ಯಜ್ಞಾನವೆನ್ನಲೂ ಬಾರದು, ಮಿಥ್ಯಾಜ್ಞಾನವೆನ್ನಲೂ ಬಾರದು. ಸಂಶಯವೂ ಅಲ್ಲ, ಬರಿಯ ಸಾದೃಶ್ಯವೂ ಅಲ್ಲ. ರಂಗದ ಮೇಲಣ ನಟನಲ್ಲಿ ರಾಮನನ್ನು ಕಾಣುವ ಪ್ರೇಕ್ಷಕನ ಪ್ರತೀತಿಯೂ ಇಂತಹುದೇ ಎಂದು ಆತನ ಮತ. ಈ ಮತವನ್ನು ಭಟ್ಟತೌತನೂ ಅವನ ಶಿಷ್ಯನಾದ ಅಭಿನವಗುಪ್ತನೂ ಖಂಡಿಸಿದರೆಂಬುದು ಶಾಸ್ತ್ರಜ್ಞರಿಗೆ ತಿಳಿದುದೇ ಆಗಿದೆ. ಆ ವಾದವು ಹಾಗಿರಲಿ. ಈ ದೃಷ್ಟಾಂತದಲ್ಲಿ ಬಾಯಿಬಿಟ್ಟು ಹೇಳದೆ ಅಂಗೀಕರಿಸಲ್ಪಟ್ಟ ಒಂದು ಸಂಗತಿಯುಂಟು. ಅದೇನೆಂದರೆ, ಚಿತ್ರವನ್ನು ನೋಡುವವನು ಜೀವಂತವಾದ ಕುದುರೆಯನ್ನು ಬೇರೆಡೆಯಲ್ಲಿ ಕಂಡವನಾಗಿರಬೇಕೆಂಬುದು. ಹುಟ್ಟಿದಂದಿನಿಂದ ಕುದುರೆಯನ್ನೇ ಕಾಣದವನ ಮುಂದೆ ಚಿತ್ರಕಾರನು ಐದು ಕಾಲಿನ ಕುದುರೆಯನ್ನು ಬರೆದಿಟ್ಟರೆ ಅವನು ಕುದುರೆಗೆ ಐದು ಕಾಲೆಂದೇ ನಂಬುವನು. ಮುಂದೊಂದು ದಿನ ನಾಲ್ಕು ಕಾಲಿನ ಕುದುರೆಯು ಎದುರಿಗೆ ಬಂದು ನಿಂತರೆ, ಇದು ಕುದುರೆಯೇ ಅಲ್ಲವೆಂದೂ ಹೇಳಿಯಾನು.

ಚಲಚ್ಚಿತ್ರ ಮತ್ತು ದೂರದರ್ಶನಗಳಲ್ಲಿ ಸ್ವಲೀನರ ಚಿತ್ರಣವು ಹೇಗಿದೆಯೆಂಬ ಇಂದಿನ ವಿಷಯಕ್ಕೆ ಈ ಪೀಠಿಕೆಯು ಅವಶ್ಯವಾಗಿರುವುದು. ಆಟಿಸಂ ಎಂದು ವೈದ್ಯರು ಕರೆಯುವ ಸ್ಥಿತಿಗೆ ಕನ್ನಡದಲ್ಲಿ ಸ್ವಲೀನತೆ ಎಂಬ ಹೆಸರು ಬಳಕೆಗೆ ಬಂದಿದೆ. ಗ್ರೀಕ್ ಭಾಷೆಯಲ್ಲಿ 'ತಾನು' ಎಂಬರ್ಥದ ಶಬ್ದದಿಂದ ಸ್ವಿಟ್ಜರ್ಲೆಂಡಿನ ವೈದ್ಯನಾದ ಬ್ಲಾಯ್ಲರ್ ಎಂಬವನು ಬೇರೊಂದು ಮನೋವ್ಯಾಧಿಯ ಲಕ್ಷಣವನ್ನು ಹೇಳಲು ಈ ಪದವನ್ನು ಕಲ್ಪಿಸಿದನು. ಮಕ್ಕಳ ವಿಷಯದಲ್ಲಿ ಅದು ರೂಢಿಗೆ ಬಂದುದು 1943ರಲ್ಲಿ ಲಿಯೋ ಕ್ಯಾನರನು ಅಮೆರಿಕೆಯಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದ ಮೇಲೆ. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರನೂ, ಅವರಿಬ್ಬರಿಗಿಂತ ಸುಮಾರು ಎರಡು ದಶಕ ಮೊದಲೇ ಮಾಸ್ಕೋದಲ್ಲಿ ಗ್ರುನ್ಯಾ ಸುಖರೇವಾ ಎಂಬ ವೈದ್ಯೆಯೂ ಇಂತಹ ಮಕ್ಕಳನ್ನು ವರ್ಣಿಸಿದ್ದರು. 'ಸ್ವಲೀನ' ಎಂಬ ಶಬ್ದವನ್ನು ಕೇಳಿದವರು, ತನ್ನಲ್ಲಿಯೇ ಮುಳುಗಿ ಲೋಕವನ್ನು ಬೇಡವೆಂದವನು ಎಂದು ಅರ್ಥಮಾಡಿಕೊಳ್ಳುವುದುಂಟು. ಅದು ಸರಿಯಲ್ಲ. ಇತರರೊಡನೆ ಮಾತುಕತೆಯ ಮತ್ತು ಬೆರೆಯುವಿಕೆಯ ರೀತಿಯಲ್ಲಿ ಭೇದ, ಕೆಲವು ಕ್ರಿಯೆಗಳ ಪುನರಾವೃತ್ತಿ, ಒಂದೇ ಕ್ರಮದಲ್ಲಿ ಆಸಕ್ತಿ, ಶಬ್ದ ಬೆಳಕು ಸ್ಪರ್ಶಗಳು ಇತರರಿಗಿಂತ ಅತಿಯಾಗಿಯೋ ಕಡಿಮೆಯಾಗಿಯೋ ತಟ್ಟುವುದು, ಇವು ಅದರ ಲಕ್ಷಣಗಳು. ಇದು ಹುಟ್ಟಿನಿಂದ ಬಂದು ಬಾಳಿನುದ್ದಕ್ಕೂ ಇರತಕ್ಕದ್ದು. ಇಂತಹವರಲ್ಲಿ ಕೆಲವರು ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುವರು. ಕೆಲವರು ಒಂದು ಮಾತನ್ನೂ ಆಡಲಾರರು. ಅನೇಕರು ಈ ಎರಡರ ನಡುವೆ ಇರುವರು. ವಿಶ್ವ ಆರೋಗ್ಯ ಸಂಸ್ಥೆಯು 2021ನೆಯ ವರ್ಷಕ್ಕೆ ಕೊಟ್ಟಿರುವ ಅಂದಾಜಿನಂತೆ ಲೋಕದಲ್ಲಿ 127 ಜನರಿಗೊಬ್ಬರು ಸ್ವಲೀನರು. ಅಂದಮೇಲೆ ಈ ಸಭೆಯಷ್ಟು ದೊಡ್ಡದಾದ ಯಾವ ಸಭೆಯಲ್ಲಿಯೂ ಅವರಿಲ್ಲವೆನ್ನುವಂತಿಲ್ಲ. ಆದರೂ ಬಹುಜನರು ಸ್ವಲೀನನೊಬ್ಬನನ್ನು ತಿಳಿದು ಕಂಡುದು ಬೆಳ್ಳಿಪರದೆಯ ಮೇಲೆಯೇ. ಜೀವಂತವಾದ ಕುದುರೆಗಿಂತ ಮೊದಲು ಚಿತ್ರದ ಕುದುರೆಯು ಅವರ ಕಣ್ಣಿಗೆ ಬಿದ್ದಿತು.

ಆ ಚಿತ್ರವು 1988ರಲ್ಲಿ ಅಮೆರಿಕೆಯಲ್ಲಿ ತಯಾರಾದ 'ರೇನ್ ಮ್ಯಾನ್' ಎಂಬುದು. ಬ್ಯಾರಿ ಲೆವಿನ್ಸನ್ ನಿರ್ದೇಶಕನು. ತಂದೆಯು ತೀರಿಕೊಂಡ ಬಳಿಕ ಚಾರ್ಲಿ ಎಂಬ ತರುಣನಿಗೆ ತನಗೊಬ್ಬ ಅಣ್ಣನುಂಟೆಂದೂ, ಅವನು ವರ್ಷಗಟ್ಟಲೆಯಿಂದ ಒಂದು ಆಶ್ರಯಧಾಮದಲ್ಲಿರುವನೆಂದೂ, ಆಸ್ತಿಯ ಬಹುಭಾಗವು ಅವನ ಪಾಲನೆಗೇ ಮೀಸಲಾಗಿದೆಯೆಂದೂ ತಿಳಿದುಬರುವುದು. ಹಣದಾಸೆಯಿಂದ ಅಣ್ಣನನ್ನು ಕರೆದುಕೊಂಡು ಹೊರಟ ತಮ್ಮನು ದಾರಿಯಲ್ಲಿ ಅವನನ್ನು ಪ್ರೀತಿಸಲು ಕಲಿಯುವನು. ಅಣ್ಣನಾದ ರೇಮಂಡನ ಪಾತ್ರವನ್ನು ಡಸ್ಟಿನ್ ಹಾಫ್‌ಮನ್ ಎಂಬ ನಟನು ವಹಿಸಿದನು. ಅತ್ಯುತ್ತಮ ಚಿತ್ರ, ನಿರ್ದೇಶನ, ನಟನೆ, ಚಿತ್ರಕಥೆಗಳೆಂದು ನಾಲ್ಕು ಆಸ್ಕರ್ ಪ್ರಶಸ್ತಿಗಳು ಅದಕ್ಕೆ ಸಂದವು. ಉಪಾಹಾರಗೃಹದಲ್ಲಿ ಹಲ್ಲುಕಡ್ಡಿಗಳ ಡಬ್ಬಿಯು ಕೆಳಗೆ ಬಿದ್ದಾಗ ರೇಮಂಡನು ಒಂದೇ ನೋಟಕ್ಕೆ 246 ಎಂದು ಲೆಕ್ಕ ಹೇಳುವ ಪ್ರಸಂಗವು ಅದನ್ನು ನೋಡಿದವರಾರಿಗೂ ಮರೆಯದು. ಮುಂದೆ ಜೂಜುಕಟ್ಟೆಯಲ್ಲಿ ಎಲೆಗಳ ಲೆಕ್ಕವನ್ನು ನೆನಪಿನಲ್ಲಿಟ್ಟು ತಮ್ಮನಿಗೆ ಹಣ ಗೆಲ್ಲಿಸುವುದೂ ಹಾಗೆಯೇ.

ಈ ಚಿತ್ರದಿಂದಾದ ಉಪಕಾರವನ್ನು ಮೊದಲು ಹೇಳತಕ್ಕದ್ದು ನ್ಯಾಯ. ಅದಕ್ಕೂ ಮುಂಚೆ ಸಾಮಾನ್ಯರಲ್ಲಿ ಅನೇಕರು ಆಟಿಸಂ ಎಂಬ ಪದವನ್ನೇ ಕೇಳಿರಲಿಲ್ಲ. ಕೇಳಿದವರಲ್ಲಿಯೂ ಕೆಲವರು, ತಾಯಿಯಾದವಳು ಮಗುವಿಗೆ ಪ್ರೀತಿಯನ್ನು ಕೊಡದೆ ತಣ್ಣಗಿದ್ದುದರಿಂದಲೇ ಹೀಗಾಯಿತೆಂದು ನಂಬಿದ್ದರು. ಬ್ರೂನೋ ಬೆಟೆಲ್‌ಹೈಮನು 1967ರಲ್ಲಿ ಪ್ರಕಟಿಸಿದ ಗ್ರಂಥವು ಈ ಕ್ರೂರವಾದ ಮತವನ್ನು ಮನೆಮನೆಗೂ ಮುಟ್ಟಿಸಿತ್ತು. ತಾನೇ ಸ್ವಲೀನ ಬಾಲಕನೊಬ್ಬನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲಾಂಡನು 1964ರಲ್ಲಿಯೇ ಅಂತಹ ಮತವನ್ನು ಶಾಸ್ತ್ರೀಯವಾಗಿ ನಿರಾಕರಿಸಿದ್ದರೂ ತಾಯಂದಿರ ತಲೆಯ ಮೇಲಣ ಅಪವಾದವು ಬೇಗನೆ ಇಳಿಯಲಿಲ್ಲ. ರೇಮಂಡನಲ್ಲಿ ತಾಯಿಯ ದೋಷವನ್ನು ಹುಡುಕದೆ ಅವನನ್ನು ಹುಟ್ಟಿನಿಂದಲೇ ಹಾಗಿದ್ದವನೆಂದು ತೋರಿಸಿದುದು ಈ ಚಿತ್ರದ ಪುಣ್ಯ. ರಿಮ್‌ಲಾಂಡನೂ ಚಿತ್ರಕ್ಕೆ ಸಲಹೆಗಾರರಲ್ಲೊಬ್ಬನಾಗಿದ್ದನು.

ಇನ್ನು ಐದನೆಯ ಕಾಲಿನ ಮಾತು. ಚಿತ್ರಕಥೆಯ ಕರ್ತೃವಾದ ಬ್ಯಾರಿ ಮಾರೋ ಎಂಬವನಿಗೆ ಸ್ಫೂರ್ತಿಯಾದವನು ಕಿಮ್ ಪೀಕ್ ಎಂಬವನು. ಸಾವಿರಾರು ಗ್ರಂಥಗಳನ್ನು ನೆನಪಿನಲ್ಲಿಟ್ಟಿದ್ದ ಆ ಮಹಾನುಭಾವನು ಸ್ವಲೀನನಲ್ಲ. ಮೆದುಳಿನ ಎರಡು ಪಾರ್ಶ್ವಗಳನ್ನು ಕೂಡಿಸುವ ನರಸೇತುವೆಯೇ ಅವನಲ್ಲಿ ಹುಟ್ಟಿನಿಂದ ಇರಲಿಲ್ಲ. ಅವನ ಅದ್ಭುತಶಕ್ತಿಯನ್ನೂ ಸ್ವಲೀನರ ನಡವಳಿಕೆಯನ್ನೂ ಒಂದೇ ಪಾತ್ರದಲ್ಲಿ ಹೊಲಿದುದರಿಂದ, ಸ್ವಲೀನನೆಂದರೆ ಲೆಕ್ಕದಲ್ಲಿ ಪವಾಡಪುರುಷನೆಂಬ ಭಾವನೆಯು ಲೋಕದಲ್ಲಿ ನೆಲೆನಿಂತಿತು. ರಿಮ್‌ಲಾಂಡನೇ 1978ರಲ್ಲಿ ಮಾಡಿದ ಲೆಕ್ಕದಂತೆ ಇಂತಹ ವಿಶೇಷಶಕ್ತಿಯು ಸ್ವಲೀನರಲ್ಲಿ ಸುಮಾರು ಹತ್ತರಲ್ಲೊಬ್ಬರಿಗೆ ಮಾತ್ರ ಇರುವುದು. ಮುಂದಿನ ಕೆಲವರು ಈ ಪ್ರಮಾಣವನ್ನು ಹೆಚ್ಚಿಸಿದ್ದಾರೆ. ಹೇಗೆ ಲೆಕ್ಕ ಹಾಕಿದರೂ ಬಹುಮಂದಿಗೆ ಅದಿಲ್ಲವೆಂಬುದು ಸಿದ್ಧ. ಆದರೆ ಪರದೆಯ ಮೇಲೆ ಅವರ ಸರತಿಯೇ ಬರಲಿಲ್ಲ. 2010ರ 'ಮೈ ನೇಮ್ ಈಸ್ ಖಾನ್' ಚಿತ್ರದ ರಿಜ್ವಾನನು ಎಂತಹ ಯಂತ್ರವನ್ನಾದರೂ ದುರಸ್ತಿ ಮಾಡುವನು. 2017ರಿಂದ 2024ರವರೆಗೆ ಅಮೆರಿಕೆಯಲ್ಲಿ ಪ್ರಸಾರವಾದ 'ದಿ ಗುಡ್ ಡಾಕ್ಟರ್' ಧಾರಾವಾಹಿಯ ಶಸ್ತ್ರವೈದ್ಯನು ಇತರರಿಗೆ ಕಾಣದ ರೋಗಮೂಲವನ್ನು ಕಣ್ಣಮುಂದೆ ಚಿತ್ರಿಸಿಕೊಳ್ಳುವನು. 2022ರಲ್ಲಿ ಬಂದ ಕೊರಿಯಾದ ಧಾರಾವಾಹಿಯ ವಕೀಲೆಯಾದ ಊ ಯಂಗ್-ಊ ಎಂಬಾಕೆಗೆ ಕಾನೂನು ಸಮಗ್ರವಾಗಿ ಕಂಠಸ್ಥವಾಗಿರುವುದು. ಇವುಗಳಲ್ಲಿ ಒಂದೊಂದೂ ತನ್ನಷ್ಟಕ್ಕೆ ಆಕ್ಷೇಪಾರ್ಹವಲ್ಲ. ಸಾಲಾಗಿ ನಿಲ್ಲಿಸಿ ನೋಡಿದಾಗ, ಅದ್ಭುತವೊಂದನ್ನು ಮಾಡಿ ತೋರಿಸಿದರೆ ಮಾತ್ರ ಸ್ವಲೀನನಿಗೆ ಕಥೆಯಲ್ಲಿ ಪ್ರವೇಶವೆಂಬ ನಿಯಮವು ಕಾಣುವುದು.

ಮತ್ತೊಂದು ದೋಷವೂ ಉಂಟು. 'ರೇನ್ ಮ್ಯಾನ್' ಚಿತ್ರದಲ್ಲಿ ಬದಲಾಗುವವನು ತಮ್ಮನು. ಅಣ್ಣನು ಕೊನೆಗೆ ರೈಲನ್ನೇರಿ ಹಳೆಯ ಆಶ್ರಯಧಾಮಕ್ಕೇ ಹಿಂದಿರುಗುವನು. ಅವನು ಮತ್ತೊಬ್ಬನ ಹೃದಯಪರಿವರ್ತನೆಗೆ ನಿಮಿತ್ತಮಾತ್ರನಾದನು. ಅವನಿಗೆ ಏನು ಬೇಕಾಗಿತ್ತೆಂಬುದು ಕಥೆಯ ಮುಖ್ಯಪ್ರಶ್ನೆಯಾಗಲಿಲ್ಲ. ಮಾತು ಬಾರದ ಸ್ವಲೀನರೂ, ವೃದ್ಧರಾದ ಸ್ವಲೀನರೂ ಚಿತ್ರಗಳಲ್ಲಿ ವಿರಳ. ಹೆಣ್ಣುಮಕ್ಕಳೂ ಬಹುಕಾಲ ವಿರಳರಾಗಿದ್ದರು.

ಇದಕ್ಕೆ ಪೂರ್ವಪಕ್ಷವಾಗಿ ಹೀಗೆ ಹೇಳಬಹುದು: ಕಥೆಗೆ ಲೋಕೋತ್ತರವಾದುದೇ ಬೇಕು, ನಾಯಕನು ಸಾಮಾನ್ಯನಾದರೆ ನೋಡುವವರಾರು? ನಾಟ್ಯಶಾಸ್ತ್ರದಲ್ಲಿಯೂ ಲೋಕಧರ್ಮಿಯೊಡನೆ ನಾಟ್ಯಧರ್ಮಿಯು ಹೇಳಲ್ಪಟ್ಟಿಲ್ಲವೆ? ಹೌದು, ಹೇಳಲ್ಪಟ್ಟಿದೆ. ಆದರೆ ಅದೇ ಶಾಸ್ತ್ರವು ಲೋಕ, ವೇದ, ಅಧ್ಯಾತ್ಮಗಳೆಂಬ ಮೂರು ಪ್ರಮಾಣಗಳನ್ನು ಹೇಳುವಾಗ ಲೋಕವನ್ನೂ ಪ್ರಮಾಣವೆಂದು ಅಂಗೀಕರಿಸಿದೆ. ರಾಜನ ಪಾತ್ರವನ್ನು ಎಷ್ಟು ಹಿಗ್ಗಿಸಿ ಬರೆದರೂ ರಾಜರಿಗೆ ಕೇಡಿಲ್ಲ. ಅವರನ್ನು ಅಳೆಯಲು ಪ್ರೇಕ್ಷಕನಿಗೆ ಬೇರೆ ಸಾಧನಗಳುಂಟು. ಲೋಕಕ್ಕೆ ಅಪರಿಚಿತರಾದವರ ಪಾತ್ರದಲ್ಲಿ ಅತ್ಯುಕ್ತಿಯು ಸುಳ್ಳು ಸಾಕ್ಷಿಯಾಗಿ ಪರಿಣಮಿಸುವುದು.

ಒಳ್ಳೆಯ ಚಿತ್ರಣವು ಅಸಾಧ್ಯವೇನೂ ಅಲ್ಲ. 2010ರಲ್ಲಿ ಅಮೆರಿಕೆಯ ದೂರದರ್ಶನಕ್ಕಾಗಿ ತಯಾರಾಗಿ ಎಮ್ಮಿ ಪ್ರಶಸ್ತಿಯನ್ನು ಪಡೆದ 'ಟೆಂಪಲ್ ಗ್ರಾಂಡಿನ್' ಎಂಬ ಚಿತ್ರವು 1947ರಲ್ಲಿ ಹುಟ್ಟಿದ ಅದೇ ಹೆಸರಿನ ಪಶುವಿಜ್ಞಾನಿಯ ಜೀವನಕಥೆ. ಆಕೆಯೂ ಅಸಾಧಾರಣಳೇ. ಆದರೆ ಆ ಚಿತ್ರವು ಆಕೆಯನ್ನು ಹೊರಗಿನಿಂದ ಬೆರಗಾಗಿ ನೋಡುವುದಿಲ್ಲ. ತಿರುಗುವ ಬೀಸಣಿಗೆಯ ಸದ್ದು, ತಾನಾಗಿಯೇ ತೆರೆದು ಮುಚ್ಚುವ ಬಾಗಿಲು ಆಕೆಗೆ ಹೇಗೆ ಭಯಂಕರವಾಗುವುದೆಂಬುದನ್ನು ಆಕೆಯ ಕಣ್ಣು ಕಿವಿಗಳ ಮೂಲಕವೇ ತೋರಿಸುವುದು. 'ಸೆಸಮಿ ಸ್ಟ್ರೀಟ್' ಎಂಬ ಮಕ್ಕಳ ಕಾರ್ಯಕ್ರಮದಲ್ಲಿ 2017ರಲ್ಲಿ ಜೂಲಿಯಾ ಎಂಬ ಸ್ವಲೀನ ಬಾಲೆಯ ಬೊಂಬೆಯು ಬಂದಿತು. ದೊಡ್ಡ ಹಕ್ಕಿಯೊಂದು ಆಕೆಯನ್ನು ಮಾತನಾಡಿಸುವುದು. ಆಕೆಯು ಚಿತ್ರ ಬರೆಯುತ್ತ ಸುಮ್ಮನಿರುವಳು. ತನ್ನ ಮೇಲೆ ಆಕೆಗೆ ಇಷ್ಟವಿಲ್ಲವೇನೋ ಎಂದು ಹಕ್ಕಿಯು ನೊಂದುಕೊಳ್ಳುವುದು. ಹಾಗಲ್ಲ, ಆಕೆಯ ರೀತಿಯೇ ಬೇರೆ ಎಂದು ಒಡನಾಡಿಗಳು ತಿಳಿಸುವರು. ಆ ಬೊಂಬೆಯನ್ನು ಆಡಿಸಿದಾಕೆಯು ಸ್ವಲೀನ ಬಾಲಕನೊಬ್ಬನ ತಾಯಿ. ಜೂಲಿಯಾಳು ಯಾವ ಲೆಕ್ಕವನ್ನೂ ಮಾಡಿ ತೋರಿಸಲಿಲ್ಲ. ಆದರೂ ಆಕೆಗೆ ಗೆಳೆಯರು ದೊರೆತರು.

ಪಾತ್ರವನ್ನು ಯಾರು ವಹಿಸಬೇಕೆಂಬ ಚರ್ಚೆಯೂ ಈಚೆಗೆ ಬಲವಾಗಿದೆ. 2021ರಲ್ಲಿ ಗಾಯಕಿ ಸಿಯಾ ನಿರ್ದೇಶಿಸಿದ 'ಮ್ಯೂಸಿಕ್' ಎಂಬ ಚಿತ್ರದಲ್ಲಿ ಸ್ವಲೀನಳಲ್ಲದ ನಟಿಯೊಬ್ಬಳು ಸ್ವಲೀನಳ ಪಾತ್ರವನ್ನು ವಹಿಸಿದಳು. ಕಂಗೆಟ್ಟ ಹುಡುಗಿಯನ್ನು ಬಲವಂತವಾಗಿ ಅದುಮಿ ಹಿಡಿಯುವ ದೃಶ್ಯಗಳೂ ಅದರಲ್ಲಿದ್ದವು. ಹಾಗೆ ಹಿಡಿಯುವುದು ಪ್ರಾಣಕ್ಕೇ ಅಪಾಯವೆಂದು ಸ್ವಲೀನರು ಪ್ರತಿಭಟಿಸಲು ನಿರ್ದೇಶಕಿಯು ಕ್ಷಮೆ ಕೇಳಬೇಕಾಯಿತು. ಅನ್ಯನಾಗುವುದೇ ನಟನ ಕಲೆಯಲ್ಲವೆ ಎಂಬ ಪ್ರಶ್ನೆಗೆ ಬೆಲೆಯಿಲ್ಲವೆಂದಲ್ಲ. ಆದರೆ ಚಿತ್ರವನ್ನು ಕಟ್ಟುವಲ್ಲಿ ಸ್ವಲೀನರೇ ಇದ್ದಿದ್ದರೆ ಆ ದೃಶ್ಯವು ಬರೆಯಲ್ಪಡುವ ಮೊದಲೇ ಬೇಡವೆನ್ನುವವರು ಇರುತ್ತಿದ್ದರು. ಭಾರತದಲ್ಲಿ 2025ರಲ್ಲಿ ತೆರೆಕಂಡ 'ಸಿತಾರೆ ಜಮೀನ್ ಪರ್' ಎಂಬ ಹಿಂದೀ ಚಿತ್ರವು, ಸ್ವಲೀನತೆ, ಡೌನ್ ಸಿಂಡ್ರೋಮ್ ಮೊದಲಾದ ಸ್ಥಿತಿಗಳುಳ್ಳ ಹತ್ತು ಮಂದಿಗೆ ಅವರವರ ಪಾತ್ರಗಳನ್ನು ಒಪ್ಪಿಸಿತು.

ಭಾರತದ ಸರ್ವೋಚ್ಚ ನ್ಯಾಯಾಲಯವೂ ಈ ವಿಷಯದಲ್ಲಿ ಮಾತನಾಡಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೆಸರಿಸಿರುವ 21 ವಿಧಗಳಲ್ಲಿ ಸ್ವಲೀನತೆಯೂ ಒಂದು. 'ಆಂಖ್ ಮಿಚೋಲಿ' ಎಂಬ ಚಿತ್ರದ ಸಂಬಂಧವಾಗಿ ನಿಪುಣ್ ಮಲ್ಹೋತ್ರಾ ಎಂಬವರು ತಂದ ಮೊಕದ್ದಮೆಯಲ್ಲಿ, 2024ನೆಯ ಜುಲೈ 8ರಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರಿದ್ದ ಪೀಠವು ಚಿತ್ರಕಾರರಿಗೆ ಮಾರ್ಗಸೂಚಿಯನ್ನು ಕೊಟ್ಟಿತು. ವಿಕಲಚೇತನರನ್ನು ಮಿಥ್ಯಾಕಲ್ಪನೆಗಳಿಂದ ಹಾಸ್ಯಕ್ಕೀಡುಮಾಡಬಾರದು. ಅತಿಮಾನುಷ ವೀರರನ್ನಾಗಿಯೂ ತೋರಿಸಬಾರದು. ಹಾಗೆ ತೋರಿಸಿದರೆ, ಅಸಾಧಾರಣ ಶಕ್ತಿಯಿದ್ದರೆ ಮಾತ್ರ ಗೌರವಕ್ಕೆ ಅರ್ಹರೆಂಬ ಅರ್ಥ ಬರುವುದೆಂದು ಅದರ ತಾತ್ಪರ್ಯ.

ಈ ತಾತ್ಪರ್ಯವನ್ನು ಒಬ್ಬ ಮನುಷ್ಯನ ಬಾಳಿನಲ್ಲಿಯೇ ಕಾಣಬಹುದು. ಕ್ಯಾನರನು ವರ್ಣಿಸಿದ ಹನ್ನೊಂದು ಮಕ್ಕಳಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ಅವನು 1933ರಲ್ಲಿ ಮಿಸಿಸಿಪ್ಪಿ ಸಂಸ್ಥಾನದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿ, ಅಲ್ಲಿಯೇ ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡಿಕೊಂಡು, ದೇಶಾಂತರಗಳನ್ನು ಸುತ್ತಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡನು. ಶಾಲೆಯ ಕಟ್ಟಡದ ಇಟ್ಟಿಗೆಗಳೆಷ್ಟೆಂದು ಹುಡುಗರು ಕೇಳಿದಾಗ ಅವನು ನೋಡಿದೊಡನೆಯೇ ಸಂಖ್ಯೆಯನ್ನು ಹೇಳಿದನೆಂಬ ಐತಿಹ್ಯವು ಆ ಊರಿನಲ್ಲಿ ದಶಕಗಳ ಕಾಲ ಹಬ್ಬಿತ್ತು. ವೃದ್ಧಾಪ್ಯದಲ್ಲಿ ಅವನನ್ನು ವಿಚಾರಿಸಲಾಗಿ, ಆ ಸಂಖ್ಯೆಯನ್ನು ತಾನು ಸುಮ್ಮನೆ ಹೇಳಿದ್ದೆಂದೂ, ಹುಡುಗರು ತನ್ನ ವಿಷಯದಲ್ಲಿ ಒಳ್ಳೆಯ ಭಾವನೆಯನ್ನಿಡಲೆಂದು ಹಾಗೆ ಹೇಳಿದೆನೆಂದೂ ಒಪ್ಪಿಕೊಂಡನು. ಲೋಕವನ್ನು ಬೇಡವೆಂದವನೆಂದು ಯಾರನ್ನು ಕರೆಯುವರೋ ಅವನಿಗೆ ಬೇಕಾಗಿದ್ದುದು ಜೊತೆಗಾರರ ಸ್ನೇಹ. ಪವಾಡವನ್ನು ಕೊಟ್ಟರೆ ಸ್ನೇಹವು ದೊರೆಯುವುದೆಂಬುದನ್ನು ಅವನು ಬಾಲ್ಯದಲ್ಲಿಯೇ ಕಂಡುಕೊಂಡಿದ್ದನು. ಊರವರು ಅವನನ್ನು ತಮ್ಮವನೆಂದೇ ಕಡೆಯವರೆಗೂ ಕಾಪಾಡಿಕೊಂಡು ಬಂದರು. ಊರವರ ಈ ಕಾವಲನ್ನು ಅವನ ಚರಿತ್ರೆಯನ್ನು ಬರೆದವರಿಬ್ಬರು ಗ್ರಂಥದಲ್ಲಿಯೂ ಸಾಕ್ಷ್ಯಚಿತ್ರದಲ್ಲಿಯೂ ನಿರೂಪಿಸಿದ್ದಾರೆ.

ಸಭಾಸದರೆ, ಮಠಗಳ ಜಾತ್ರೆಯಲ್ಲಿ ನಗಾರಿಯ ಸದ್ದಿಗೆ, ಧ್ವನಿವರ್ಧಕದ ಆರ್ಭಟಕ್ಕೆ ಕಿವಿಗಳನ್ನು ಮುಚ್ಚಿಕೊಂಡು ಚೀರುವ ಮಗುವೊಂದು ತಾಯಿಯ ಸೆರಗನ್ನು ಹಿಡಿದು ನಿಂತಿರಬಹುದು. ಕಂಡವರಲ್ಲಿ ಒಬ್ಬರು, ಹೆತ್ತವರು ಬುದ್ಧಿ ಕಲಿಸಿಲ್ಲವೆಂದು ಗೊಣಗುವರು. ಚಲಚ್ಚಿತ್ರವನ್ನು ನೋಡಿ ತಿಳಿದವರೊಬ್ಬರು ಹತ್ತಿರ ಬಂದು, ಈ ಮಗುವಿಗೆ ಲೆಕ್ಕ ಚೆನ್ನಾಗಿ ಬರುವುದಲ್ಲವೆ ಎಂದು ಕೇಳುವರು. ಬರುವುದಿಲ್ಲವೆಂದು ಉತ್ತರ ಕೊಡಬೇಕಾದ ಆ ತಾಯಿಯ ಸಂಕಟವನ್ನು ಊಹಿಸತಕ್ಕದ್ದು. ಎರಡನೆಯವರ ಪ್ರಶ್ನೆಯು ದಯೆಯಿಂದಲೇ ಹುಟ್ಟಿದುದಾದರೂ, ಮಗುವಿಗೆ ಜಾಗ ಕೊಡಲು ಅದು ಬೆಲೆ ಕೇಳುತ್ತಿರುವುದು. ಬೆಲೆ ಕೇಳದೆ, ಆ ತಾಯಿಗೂ ಮಗುವಿಗೂ ಗದ್ದಲವಿಲ್ಲದ ಒಂದು ಜಗಲಿಯನ್ನು ತೋರಿಸಿ, ಒಂದು ಚಂಬು ನೀರನ್ನು ಕೊಡುವವರು ಈ ಸಭೆಯಿಂದ ಹೆಚ್ಚಲೆಂಬ ಪ್ರಾರ್ಥನೆಯೊಡನೆ ಈ ಉಪನ್ಯಾಸವು ಮುಗಿಯುವುದು.