ಅಭಿಮಾನ ಕುಂದಿದ ಮೇಲೆ

ಲೋಕದಲ್ಲಿ ದೊಡ್ಡವರೆನಿಸಿಕೊಂಡವರ ಪೈಕಿ ಒಬ್ಬರನ್ನಾದರೂ ಮನಸಾರೆ ಮೆಚ್ಚದೆ ಯೌವನವನ್ನು ಕಳೆದವರು ವಿರಳ. ಹಾಗೆ ಮೆಚ್ಚಿದವರಲ್ಲಿ ಒಬ್ಬರ ವಿಷಯದಲ್ಲಾದರೂ ಮನಸ್ಸು ಮುರಿಯದೆ ನಡುವಯಸ್ಸನ್ನು ಮುಟ್ಟಿದವರೂ ವಿರಳವೇ. ದೇಶನಾಯಕನಾಗಲಿ, ಕವಿಯಾಗಲಿ, ಧರ್ಮೋಪದೇಶಕನಾಗಲಿ, ಯಾರೋ ಒಬ್ಬ ಮಹಾನುಭಾವನ ಚಿತ್ರವನ್ನು ಗೋಡೆಗೆ ತಗುಲಿಸಿರುತ್ತೇವೆ. ಅವನ ಮಾತನ್ನು ನಮ್ಮ ಮಾತೆಂಬಂತೆ ಆಡುತ್ತಿರುತ್ತೇವೆ. ಒಂದು ದಿನ ಅವನ ನಡತೆಯ ಸುದ್ದಿಯೊಂದು ಕಿವಿಗೆ ಬೀಳುತ್ತದೆ. ಮೊದಲು ನಂಬುವುದಿಲ್ಲ, ಆಮೇಲೆ ನಂಬದೆ ವಿಧಿಯಿಲ್ಲ. ಚಿತ್ರವು ಗೋಡೆಯಿಂದ ಕೆಳಗಿಳಿಯುತ್ತದೆ. ಅದು ಇದ್ದ ಕಡೆ ಚೌಕನಾದ ಒಂದು ಗುರುತು ಮಾತ್ರ ಉಳಿಯುತ್ತದೆ. ಆ ಗುರುತನ್ನು ಏನು ಮಾಡಬೇಕೆಂಬುದೇ ಈ ಹೊತ್ತಿನ ನನ್ನ ಮಾತಿನ ವಿಷಯ.

“ದೂರದ ಬೆಟ್ಟ ನುಣ್ಣಗೆ” ಎಂದು ಗಾದೆ ಹೇಳಿ ಈ ಪ್ರಸಂಗವನ್ನು ಮುಗಿಸಿಬಿಡುವವರುಂಟು. ಗಾದೆಯೇನೋ ನಿಜ. ಆದರೆ ಬೆಟ್ಟದ ಬಳಿಗೆ ಹೋದವನಿಗೆ ಕಾಣುವುದು ಕಲ್ಲುಮುಳ್ಳುಗಳೊಂದೇ ಅಲ್ಲ. ಊರಿಗೆ ಹರಿದು ಬರುವ ಹಳ್ಳದ ಒರತೆಯೂ ಅಲ್ಲಿಯೇ ಇರುತ್ತದೆ. ನುಣುಪು ಸುಳ್ಳಾಯಿತೆಂದು ನೀರೂ ಸುಳ್ಳಾಗುವುದಿಲ್ಲ. ಅಭಿಮಾನ ಕಳೆದುಕೊಂಡವನ ಮುಂದಿರುವ ಕಷ್ಟ ಇದೇ. ತಪ್ಪನ್ನು ತಪ್ಪೆನ್ನಬೇಕು, ಪಡೆದದ್ದನ್ನು ಪಡೆದೆನೆಂದು ಒಪ್ಪಿಕೊಳ್ಳಲೂ ಬೇಕು. ಎರಡನ್ನೂ ಒಟ್ಟಿಗೆ ಮಾಡುವುದು ಸುಲಭವಲ್ಲ.

ಯೂರೋಪಿನ ಸಂಗೀತದ ಚರಿತ್ರೆಯಲ್ಲಿ ಇದಕ್ಕೆ ಹೆಸರಾದ ಒಂದು ನಿದರ್ಶನವಿದೆ. ಬೀಥೋವನ್ ತನ್ನ ಮೂರನೆಯ ಸಿಂಫನಿಯನ್ನು ನೆಪೋಲಿಯನ್ ಬೋನಪಾರ್ಟನ ಹೆಸರಿನಲ್ಲಿ ರಚಿಸಿದನು. ಅರಸರ ಕಾಲ ಮುಗಿಯಿತು, ಈತನಿಂದ ಮನುಷ್ಯಕುಲಕ್ಕೆ ಬಿಡುಗಡೆಯಾಗುವುದು ಎಂದು ಆಗ ಅನೇಕರು ನಂಬಿದ್ದರು. 1804ನೆಯ ಇಸವಿ ಮೇ ತಿಂಗಳಲ್ಲಿ ಬೋನಪಾರ್ಟನು ತಾನೇ ಚಕ್ರವರ್ತಿಯೆನಿಸಿಕೊಂಡನು. ಸುದ್ದಿ ತಂದವನು ಬೀಥೋವನ್ನನ ಶಿಷ್ಯ ರೀಸ್. ಈತನೂ ಸಾಮಾನ್ಯ ಮನುಷ್ಯನೇ ಆದನೆಂದು ಗುರುವು ಕೋಪಗೊಂಡು ಮೊದಲ ಹಾಳೆಯನ್ನು ಹರಿದುಹಾಕಿದನೆಂದು ರೀಸನೇ ಬರೆದಿಟ್ಟಿದ್ದಾನೆ. ವಿಯೆನ್ನಾ ನಗರದಲ್ಲಿ ಉಳಿದಿರುವ ಮತ್ತೊಂದು ಪ್ರತಿಯಲ್ಲಿ ಬೋನಪಾರ್ಟನ ಹೆಸರನ್ನು ಎಷ್ಟು ಬಲವಾಗಿ ಕೆರೆದಿದೆಯೆಂದರೆ ಅಲ್ಲಿ ಕಾಗದವೇ ತೂತಾಗಿದೆ. ಆದರೆ ಬೀಥೋವನ್ ಕೆರೆದದ್ದು ಹೆಸರನ್ನು. ಸಂಗೀತವನ್ನು ಒಲೆಗೆ ಹಾಕಲಿಲ್ಲ. 1806ರಲ್ಲಿ ಆ ಕೃತಿಯು ಒಬ್ಬ ಮಹಾಪುರುಷನ ಸ್ಮರಣೆಗೆಂಬ ಒಕ್ಕಣೆಯೊಂದಿಗೆ ಅಚ್ಚಾಯಿತು. ಮನುಷ್ಯನು ಹೋದನು, ಅವನಲ್ಲಿ ಕಂಡಿದ್ದ ಆದರ್ಶವು ನಿಂತಿತು.

ಚಕ್ರವರ್ತಿಯ ವಿಷಯದಲ್ಲಿ ತೀರ್ಪು ಹೇಳುವುದು ಒಂದು ವಿಧದಲ್ಲಿ ಸುಲಭ. ಅವನು ಮಾಡಿದ್ದು ಊರಿಗೆಲ್ಲ ಕಂಡಿತು. ಸಾಹಿತ್ಯದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ಪ್ರಸಂಗವಿದೆ. ನಮ್ಮ ಕಾಲೇಜುಗಳಲ್ಲಿ ಓದಿದವರಿಗೆಲ್ಲ ಪರಿಚಿತನಾದ ವರ್ಡ್ಸ್‌ವರ್ತ್ ಕವಿಯದು ಅದು.

ವರ್ಡ್ಸ್‌ವರ್ತ್ ಹುಟ್ಟಿದ್ದು 1770ರಲ್ಲಿ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, 1791ರ ಕೊನೆಗೆ, ಅವನು ಫ್ರಾನ್ಸಿಗೆ ಹೋದನು. ಮಹಾಕ್ರಾಂತಿಯು ಆಗ ಭರದಲ್ಲಿದ್ದಿತು. ತರುಣನ ಮನಸ್ಸು ಅದಕ್ಕೆ ಸೂರೆಹೋಯಿತು. ಹಿಂದಿರುಗಿದ ಮೇಲೆ, 1793ರಲ್ಲಿ, ಪ್ರಜಾಪ್ರಭುತ್ವವನ್ನು ಸಮರ್ಥಿಸಿ ಒಬ್ಬ ಬಿಷಪ್ಪನಿಗೆ ಉತ್ತರರೂಪವಾಗಿ ಒಂದು ತೀಕ್ಷ್ಣವಾದ ಪತ್ರವನ್ನು ಬರೆದನು. ಅದು ಅವನ ಜೀವಮಾನದಲ್ಲಿ ಅಚ್ಚಾಗಲಿಲ್ಲ. 1798ರಲ್ಲಿ ಕೋಲ್‌ರಿಜ್ಜನೊಡನೆ ಸೇರಿ ‘ಲಿರಿಕಲ್ ಬ್ಯಾಲಡ್ಸ್’ ಎಂಬ ಸಂಗ್ರಹವನ್ನು ಹೊರತಂದನು. ಭಿಕ್ಷುಕರು, ಕುರುಬರು, ಹಳ್ಳಿಯ ಹೆಂಗಸರು ಮಕ್ಕಳು, ಇಂಥವರ ಬಾಳು ಗಂಭೀರಕಾವ್ಯಕ್ಕೆ ತಕ್ಕ ವಸ್ತುವೆಂದು ಅವನು ತೋರಿಸಿಕೊಟ್ಟನು. ಮುಂದಿನ ಪೀಳಿಗೆಯ ತರುಣರು ಅವನನ್ನು ಗುರುವಾಗಿ ಎಣಿಸಿದ್ದರಲ್ಲಿ ಆಶ್ಚರ್ಯವೇನಿದೆ?

ಆದರೆ ಗುರುವು ನಿಂತ ಕಡೆ ನಿಲ್ಲಲಿಲ್ಲ. 1813ರಲ್ಲಿ ಲಾನ್ಸ್‌ಡೇಲ್ ಪ್ರಭುವಿನ ಸಹಾಯದಿಂದ ಅವನಿಗೆ ವೆಸ್ಟ್‌ಮರ್‌ಲೆಂಡಿನಲ್ಲಿ ಸ್ಟಾಂಪು ಕಾಗದಗಳ ವಿತರಣಾಧಿಕಾರಿಯ ಕೆಲಸವಾಯಿತು. 1818ರ ಚುನಾವಣೆಯಲ್ಲಿ ಅದೇ ಪ್ರಭುವಿನ ಮಕ್ಕಳ ಪರವಾಗಿ ಅವನು ಓಡಾಡಿದನು, ಮತದಾರರನ್ನು ಕುರಿತು ಲೇಖನಗಳನ್ನು ಪ್ರಕಟಿಸಿದನು. 1842ರಲ್ಲಿ ವರ್ಷಕ್ಕೆ 300 ಪೌಂಡುಗಳ ಸರ್ಕಾರದ ವರ್ಷಾಶನ. 1843ರಲ್ಲಿ ಆಸ್ಥಾನಕವಿಯ ಪದವಿ. ಕ್ರಾಂತಿಯ ಹೆಸರನ್ನು ಕೇಳಿ ಪುಳಕಗೊಂಡಿದ್ದವನು ಎಪ್ಪತ್ತೈದರ ವಯಸ್ಸಿನಲ್ಲಿ, ಸ್ನೇಹಿತನಿಂದ ಎರವಲು ತಂದ ದರ್ಬಾರು ಉಡುಪನ್ನು ತೊಟ್ಟು ರಾಣಿಯ ಸಮ್ಮುಖಕ್ಕೆ ಹೋದನು.

ಇದನ್ನು ನೋಡಿ ನೊಂದವರಲ್ಲಿ ಮೂವರು ಕವಿಗಳ ಮಾತನ್ನು ಹೇಳುತ್ತೇನೆ. ಮೊದಲನೆಯವನು ಷೆಲ್ಲಿ. 1816ರಲ್ಲಿ, ಇನ್ನೂ ಇಪ್ಪತ್ತಮೂರು ವರ್ಷದ ಹುಡುಗ, ವರ್ಡ್ಸ್‌ವರ್ತನನ್ನೇ ಸಂಬೋಧಿಸಿ ಒಂದು ಸಾನೆಟ್ಟನ್ನು ಪ್ರಕಟಿಸಿದನು. ಬದುಕಿರುವವನನ್ನು ಕುರಿತು ಸತ್ತವನಿಗಾಗಿ ಅಳುವಂತೆ ಅತ್ತಿದ್ದಾನೆ. ಅದರಲ್ಲಿ ಬೈಗುಳವಿಲ್ಲ. ಗುರುವಿನಿಂದ ತನಗೆ ದೊರೆತ ಬೆಳಕನ್ನು ಮೊದಲು ಹೇಳಿ, ನಷ್ಟವನ್ನು ಆಮೇಲೆ ಹೇಳುತ್ತಾನೆ.

ಎರಡನೆಯವನು ಕೀಟ್ಸ್. 1818ರ ಜೂನ್ ತಿಂಗಳ ಕೊನೆಯಲ್ಲಿ ಅವನು ಸ್ನೇಹಿತನೊಡನೆ ಕಾಲುನಡಗೆಯಲ್ಲಿ ಸರೋವರಗಳ ಪ್ರಾಂತಕ್ಕೆ ಬಂದನು. ಕವಿಯೆಲ್ಲಿ ಎಂದು ದಾರಿಯ ಹೋಟೆಲಿನ ಮಾಣಿಯನ್ನು ವಿಚಾರಿಸಿದರೆ, ಆ ಮಹಾಶಯರು ಚುನಾವಣೆಯ ಕೆಲಸಕ್ಕಾಗಿ ಇಲ್ಲಿ ಓಡಾಡುತ್ತಿದ್ದರೆಂದು ಉತ್ತರ ಬಂದಿತು. ಮನೆಗೆ ಹೋದರೆ ಮನೆಯಲ್ಲಿ ಯಾರೂ ಇಲ್ಲ. ಒಂದು ಚೀಟಿಯನ್ನು ಬರೆದು, ಬೆಂಕಿಗೂಡಿನ ಮೇಲಣ ಹಲಗೆಯ ಮೇಲಿಟ್ಟು ಹೊರಟನು. ತಮ್ಮನಿಗೆ ಬರೆದ ಕಾಗದದಲ್ಲಿ ತನಗಾದ ವ್ಯಸನವನ್ನು ಅವನು ಮರೆಮಾಡಲಿಲ್ಲ. ಆದರೆ ಆ ಪ್ರಭುಗಳ ಮನೆತನವು ಕವಿಗೆ ಯಾವಾಗಲೂ ಆಸರೆಯಾಗಿದ್ದಿತೆಂಬುದನ್ನೂ ಅದೇ ಉಸಿರಿನಲ್ಲಿ ಸೇರಿಸಿದನು. ವರ್ಡ್ಸ್‌ವರ್ತನ ತಂದೆಗೆ ಹಿಂದಿನ ಪ್ರಭುವಿನಿಂದ ಬರಬೇಕಾಗಿದ್ದ ಹಣವನ್ನು 1802ರಲ್ಲಿ ಪಟ್ಟಕ್ಕೆ ಬಂದ ಉತ್ತರಾಧಿಕಾರಿಯು ತಾನಾಗಿ ತೀರಿಸಿದ್ದನು. ಆ ಉಪಕಾರದ ನೆನಪು ಸಣ್ಣದಾಗಿರಲಾರದು. ಇಪ್ಪತ್ತೆರಡು ವರ್ಷದ ಕೀಟ್ಸನಿಗೆ ನೊಂದ ಗಳಿಗೆಯಲ್ಲಿಯೂ ಪ್ರತಿವಾದಿಯ ಪಕ್ಷವನ್ನು ನೆನೆಯುವಷ್ಟು ನ್ಯಾಯಬುದ್ಧಿ ಇದ್ದಿತು. ಎಷ್ಟು ಮಂದಿ ಹಿರಿಯರಲ್ಲಿ ಇದು ಕಾಣುತ್ತದೆ?

ಮೂರನೆಯವನು ಬ್ರೌನಿಂಗ್. ವರ್ಡ್ಸ್‌ವರ್ತ್ ಆಸ್ಥಾನಕವಿಯಾದ ಎರಡು ವರ್ಷಗಳ ಮೇಲೆ, 1845ರಲ್ಲಿ, ‘ದಿ ಲಾಸ್ಟ್ ಲೀಡರ್’ ಎಂಬ ಕವಿತೆಯನ್ನು ಅವನು ಪ್ರಕಟಿಸಿದನು. ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಾಯಕನು ಹಣಕ್ಕೂ ಬಿರುದಿಗೂ ತನ್ನನ್ನು ಮಾರಿಕೊಂಡನೆಂಬುದೇ ಅಲ್ಲಿಯ ದೂರು. ಕವಿತೆ ಜನರ ಬಾಯಲ್ಲಿ ನಿಂತಿತು. ಮೂವತ್ತು ವರ್ಷಗಳಾದ ಮೇಲೆ, 1875ರಲ್ಲಿ, ಒಬ್ಬರು ಕೇಳಿದಾಗ ಬ್ರೌನಿಂಗನು ಕೊಟ್ಟ ಉತ್ತರವು ಗಮನಾರ್ಹವಾದುದು. ಚಿತ್ರಕಾರನು ಒಬ್ಬನನ್ನು ಎದುರಿಗೆ ಕೂರಿಸಿಕೊಂಡು ಅವನ ಒಂದೆರಡು ಲಕ್ಷಣಗಳನ್ನು ಮಾತ್ರ ತೆಗೆದುಕೊಳ್ಳುವಂತೆ ತಾನು ಆ ಮಹಾಕವಿಯನ್ನು ಬಳಸಿಕೊಂಡೆನೆಂದೂ, ಅವನ ಮತಾಂತರಕ್ಕೆ ಹಣವಾಗಲಿ ಬಿರುದಾಗಲಿ ಕಾರಣವಾಗಿರಲಿಲ್ಲವೆಂದೂ ಅವನು ಒಪ್ಪಿಕೊಂಡನು. ಆ ಹೊತ್ತಿಗೆ ವರ್ಡ್ಸ್‌ವರ್ತ್ ತೀರಿಕೊಂಡು 25 ವರ್ಷಗಳಾಗಿದ್ದವು. ಆದರೂ ಕವಿತೆಯನ್ನು ಬಲ್ಲವರ ಪೈಕಿ ಈ ಪತ್ರವನ್ನು ಬಲ್ಲವರೆಷ್ಟು ಮಂದಿ? ಆರೋಪವು ಹಾಡಾಗಿ ಹರಡಿತು. ತಿದ್ದುಪಡಿಯು ಕಾಗದವಾಗಿ ಉಳಿಯಿತು.

ಹಾಗಾದರೆ ವರ್ಡ್ಸ್‌ವರ್ತ್ ಬದಲಾದದ್ದು ಏತಕ್ಕೆ? 1793 ಮತ್ತು 94ರಲ್ಲಿ ಕ್ರಾಂತಿಯು ತನ್ನ ಮಕ್ಕಳನ್ನೇ ವಧಸ್ಥಾನಕ್ಕೆ ಕಳುಹಿಸಿದ್ದನ್ನು ಅವನು ಕಂಡನು. 1798ರಲ್ಲಿ ಸ್ವಾತಂತ್ರ್ಯದ ತೌರಾದ ಸ್ವಿಟ್ಜರ್‌ಲೆಂಡಿಗೆ ಫ್ರೆಂಚ್ ಸೈನ್ಯ ನುಗ್ಗಿದ್ದನ್ನು ಕಂಡನು. ನೆಪೋಲಿಯನ್ನನ ಕಿರೀಟಧಾರಣೆಯನ್ನು ಕಂಡನು. ಹೊಸದೆಲ್ಲವೂ ಅವನಿಗೆ ಭಯವನ್ನು ಹುಟ್ಟಿಸಿತು. ಭಯಪಟ್ಟವನು ಹಳೆಯ ಗೋಡೆಯನ್ನು ಆತುಕೊಂಡು ನಿಂತನು. ಇದು ಸರಿಯೆಂದು ನಾನು ಹೇಳುತ್ತಿಲ್ಲ. ಬಡವರ ಬಾಳನ್ನು ಹಾಡಿದವನು ದೊಡ್ಡ ಜಮೀನುದಾರರ ಮನೆಯ ಪಕ್ಷ ವಹಿಸಿ ಮತ ಬೇಡಿದ್ದು, ಅವನ ಕವಿತೆಗಳನ್ನು ಮುಂದಿಟ್ಟು ನೋಡಿದರೆ, ಮನಸ್ಸಿಗೆ ಸಮ್ಮತವಾಗುವುದಿಲ್ಲ. ಆದರೆ ಭಯದಿಂದ ಬದಲಾದವನು ಬೇರೆ, ದುಡ್ಡಿಗೆ ಬದಲಾದವನು ಬೇರೆ. ಈ ಭೇದವನ್ನು ತಿಳಿಯದೆ ಕೊಟ್ಟ ತೀರ್ಪು ನ್ಯಾಯವಾಗಲಾರದು.

ಇನ್ನೊಂದು ಸಂಗತಿ. 1845ರಲ್ಲಿ ತೀರ್ಪು ಹೇಳಿದವರ ಮುಂದೆ ಸಾಕ್ಷ್ಯವೆಲ್ಲ ಇರಲಿಲ್ಲ. ‘ದಿ ಪ್ರಿಲ್ಯೂಡ್’ ಎಂಬ ಆತ್ಮಕಥನ ಕಾವ್ಯವನ್ನು ವರ್ಡ್ಸ್‌ವರ್ತ್ 1805ರಲ್ಲಿಯೇ ಮುಗಿಸಿ, ಜೀವಮಾನವೆಲ್ಲ ತಿದ್ದುತ್ತ, ಅಚ್ಚುಹಾಕಿಸದೆ ಇಟ್ಟುಕೊಂಡಿದ್ದನು. ಅದು ಹೊರಬಂದದ್ದು ಅವನು ಕಾಲವಾದ 1850ರಲ್ಲಿ. ಓದಿ ನೋಡಿದರೆ, ಕ್ರಾಂತಿಯ ಮುಂಬೆಳಗಿನಲ್ಲಿ ತಾನು ಪಟ್ಟ ಹರ್ಷವನ್ನು ಮುದುಕನು ಒರಸಿಹಾಕಿರಲಿಲ್ಲ. ಕೆಲವೆಡೆ ಬಿಸಿಯನ್ನು ತಗ್ಗಿಸಿದ್ದನು. ಕ್ರಾಂತಿಯ ವೈರಿಯಾದ ಬರ್ಕನ ಸ್ತುತಿಯನ್ನು ಸೇರಿಸಿದ್ದನು. ಆದರೂ ಹರ್ಷವು ಹಾಗೆಯೇ ಇದ್ದಿತು. ಇದು ಅವನ ಪರವಾದ ಸಾಕ್ಷ್ಯ. ವಿರುದ್ಧವಾದ ಸಾಕ್ಷ್ಯವು ಇನ್ನೂ ತಡವಾಗಿ ಬಂದಿತು. ಫ್ರಾನ್ಸಿನಲ್ಲಿದ್ದಾಗ ಆನೆಟ್ ವಾಲನ್ ಎಂಬವಳಲ್ಲಿ ಅವನಿಗೊಬ್ಬಳು ಮಗಳು, ಕ್ಯಾರೊಲಿನ್, 1792ರ ಡಿಸೆಂಬರಿನಲ್ಲಿ ಹುಟ್ಟಿದ್ದಳು. ಆ ತಾಯಿಯನ್ನು ಅವನು ಮದುವೆಯಾಗಲಿಲ್ಲ. 1802ರಲ್ಲಿ ಕ್ಯಾಲೇ ಪಟ್ಟಣಕ್ಕೆ ಹೋಗಿ ತಾಯಿಮಗಳನ್ನು ಕಂಡು ಬಂದನು. ಅದೇ ವರ್ಷ ಬೇರೊಬ್ಬಳನ್ನು ವರಿಸಿದನು. ಮಗಳ ಮದುವೆಯಾದ ಮೇಲೆ ವರ್ಷಕ್ಕೆ 30 ಪೌಂಡುಗಳನ್ನು ಕಳುಹಿಸುತ್ತಿದ್ದನು. 1851ರಲ್ಲಿ ತಮ್ಮನ ಮಗನು ಬರೆದ ಜೀವನಚರಿತ್ರೆಯಲ್ಲಿ ಇವರ ಸುದ್ದಿಯೇ ಇಲ್ಲ. ಲೋಕಕ್ಕೆ ಇದು ತಿಳಿದದ್ದು 1920ರ ಸುಮಾರಿಗೆ. ಮೆಚ್ಚಿದವರೂ ಹಳಿದವರೂ ಅಷ್ಟು ಕಾಲ ಅರ್ಧ ಮನುಷ್ಯನನ್ನೇ ನೋಡುತ್ತಿದ್ದರು.

ಇದರಿಂದ ನಾವು ಕಲಿಯಬೇಕಾದದ್ದೇನು? ನಾಯಕರನ್ನು ಮೆಚ್ಚಲೇಬಾರದೆಂದೇ? ಹಾಗೆ ತೀರ್ಮಾನಿಸಿದವರು ನಮ್ಮ ಪಟ್ಟಣಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಒಬ್ಬನಿಂದ ಮೋಸಹೋದ ಮೇಲೆ, ಎಲ್ಲರೂ ಅಷ್ಟೇ ಎಂಬ ಮಾತು ಅವರಿಗೆ ವಿವೇಕದಂತೆ ತೋರುತ್ತದೆ. ಇದರಲ್ಲಿ ವಿವೇಕಕ್ಕಿಂತ ಆಲಸ್ಯವೇ ಹೆಚ್ಚು. ಎಲ್ಲರನ್ನೂ ನಂಬುವವನಿಗೆ ಹೇಗೋ, ಯಾರನ್ನೂ ನಂಬದವನಿಗೂ ಹಾಗೆಯೇ, ವಿಚಾರಿಸುವ ಶ್ರಮವಿಲ್ಲ. ಯೋಗ್ಯನು ಯಾರು, ಅಯೋಗ್ಯನು ಯಾರು ಎಂದು ಜನ ಕೇಳುವುದನ್ನೇ ಬಿಟ್ಟರೆ, ಅದರಿಂದ ಲಾಭ ಪಡೆಯುವವನು ಅಯೋಗ್ಯನೇ. ಸಾರ್ವಜನಿಕ ಜೀವನಕ್ಕೆ ಇದಕ್ಕಿಂತ ದೊಡ್ಡ ಕೇಡಿಲ್ಲ.

ನಮ್ಮ ಹಿರಿಯರು ಈ ಪ್ರಶ್ನೆಯನ್ನು ಎದುರಿಸದೆ ಇರಲಿಲ್ಲ. ಧರ್ಮರಾಯನ ರಥವು ನೆಲದಿಂದ ನಾಲ್ಕು ಬೆರಳು ಮೇಲೆ ನಡೆಯುತ್ತಿತ್ತೆಂದು ವ್ಯಾಸಭಾರತ ಹೇಳುತ್ತದೆ. ಅಶ್ವತ್ಥಾಮನು ಸತ್ತನೆಂಬ ಸುದ್ದಿ ಕೇಳಿದ ದ್ರೋಣನು, ನಿಜವೋ ಸುಳ್ಳೋ ಎಂದು ಕೇಳಲು ಆರಿಸಿಕೊಂಡದ್ದು ಶತ್ರುಪಕ್ಷದ ಈ ಒಬ್ಬನನ್ನೇ. ಮೂರು ಲೋಕದ ಒಡೆತನಕ್ಕಾಗಿಯೂ ಈತನು ಸುಳ್ಳಾಡನೆಂದು ಆಚಾರ್ಯನ ನಂಬಿಕೆ. ಆ ನಂಬಿಕೆಯನ್ನೇ ಆಯುಧವಾಗಿ ಮಾಡಿಕೊಂಡು ಧರ್ಮರಾಯನು ಅರ್ಧ ಸತ್ಯವನ್ನಾಡಿದನು. ಆ ಗಳಿಗೆಯಲ್ಲಿ ರಥದ ಗಾಲಿ ನೆಲವನ್ನು ಮುಟ್ಟಿತು. ವ್ಯಾಸರು ಇದನ್ನು ಮುಚ್ಚಿಡಲಿಲ್ಲ. ಯುದ್ಧದಲ್ಲಿ ಇದೆಲ್ಲ ಸಹಜವೆಂದು ತೇಲಿಸಲೂ ಇಲ್ಲ. ಸ್ವರ್ಗಾರೋಹಣದಲ್ಲಿ, ಆ ಒಂದು ವಂಚನೆಗಾಗಿ, ಅವನಿಗೆ ನರಕದರ್ಶನವನ್ನು ಮಾಡಿಸಿದರು. ಆದರೆ ಅವನಿಂದ ಧರ್ಮರಾಜನೆಂಬ ಹೆಸರನ್ನು ಕಿತ್ತುಕೊಳ್ಳಲಿಲ್ಲ. ರಥವು ನೆಲಕ್ಕಿಳಿಯಿತು; ಮುರಿದು ಬೀಳಲಿಲ್ಲ. ಅಲ್ಲಿಂದ ಮುಂದೆ ಅವನು ಎಲ್ಲರಂತೆ ನೆಲದ ಮೇಲೆ ಪ್ರಯಾಣ ಮಾಡಿದನು.

ನಾಲ್ಕು ಬೆರಳಿನ ಎತ್ತರ ಹೋಯಿತೆಂದು ಉಳಿದ ದಾರಿಯನ್ನೆಲ್ಲ ಅಲ್ಲಗಳೆಯುವುದು ನ್ಯಾಯವಲ್ಲ. ಎತ್ತರ ಹೋಗಲೇ ಇಲ್ಲವೆಂದು ಸಾಧಿಸುವುದು ಸತ್ಯವಲ್ಲ. ನಾವು ಮೆಚ್ಚಿದವನು ಕುಂದಿದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಈ ಕುಂದು ಮೊದಲಿನಿಂದಲೂ ಇದ್ದು ನಾವು ಕಾಣದೆ ಹೋದದ್ದೋ? ಅವನು ಬದಲಾದನೋ? ಅಥವಾ ಬದಲಾದವರು ನಾವೋ? ಉತ್ತರ ಯಾವುದಾದರೂ ಆಗಲಿ, ಅವನಿಂದ ನೊಂದವರ ಮಾತನ್ನು ಮೊದಲು ಕೇಳಿ, ತಪ್ಪಿಗೆ ತಕ್ಕ ಹೆಸರನ್ನು ಇಡೋಣ. ಆಮೇಲೆ ಅವನಿಂದ ನಾವು ಪಡೆದದ್ದೇನು, ಅದು ಈಗಲೂ ನಿಲ್ಲುತ್ತದೆಯೇ ಎಂದು ನೋಡೋಣ. ನಿಂತರೆ, ಅದನ್ನು ಇಟ್ಟುಕೊಳ್ಳುವುದಕ್ಕೆ ನಾಚಬೇಕಾದದ್ದಿಲ್ಲ. ಸತ್ಯನಿಷ್ಠೆಯನ್ನು ಅವನಿಂದ ಕಲಿತಿದ್ದರೆ, ಅವನ ಸುಳ್ಳನ್ನು ಸುಳ್ಳೆನ್ನುವ ಧೈರ್ಯವೂ ಅವನೇ ಕೊಟ್ಟದ್ದು. ಚಿತ್ರವನ್ನು ಮತ್ತೆ ಗೋಡೆಗೆ ತಗುಲಿಸಬೇಕಾಗಿಲ್ಲ. ಅದು ಇದ್ದ ಗುರುತಿಗೆ ಸುಣ್ಣ ಬಳಿಯಬೇಕಾಗಿಯೂ ಇಲ್ಲ. ಒಂದು ಕಾಲದಲ್ಲಿ ಒಳ್ಳೆಯದನ್ನು ಕಂಡು ತಲೆಬಾಗಿದೆವು ಎಂಬುದಕ್ಕೆ ಅದು ಸಾಕ್ಷಿ. ಹಾಗೆ ತಲೆಬಾಗುವ ಶಕ್ತಿಯನ್ನು ಮಾತ್ರ ನಾವು ಕಳೆದುಕೊಳ್ಳದಿರೋಣ.