ಅರ್ಧ ಆದ ಕೆಲಸಕ್ಕೆ ಪೂರ್ತಿ ನಿಂತ ದುಡ್ಡು

ಡೊಂಬಿವಲಿಯಿಂದ ಠಾಣೆವರೆಗೆ ಲೋಕಲ್‌ನಲ್ಲಿ ಒಂಟಿ ಕಾಲಲ್ಲಿ ನಿಂತು ಬಂದಿದ್ದೀನಿ, ಕುರ್ಚಿ ಕೊಟ್ಟಿದ್ದಕ್ಕೆ ಮೊದಲು ಥ್ಯಾಂಕ್ಸ್.

2022ರ ಮಳೆಗಾಲದಲ್ಲಿ ನನ್ನ ಕೆಲಸ ಹೋಯ್ತು. ಮನೆ ಸಾಲದ ಕಂತು ಮಾತ್ರ ಎಲ್ಲೂ ಹೋಗಲಿಲ್ಲ. ಆಗ ಪರಿಚಯದವರ ಮೂಲಕ ವಾಶಿ ಎಪಿಎಂಸಿಯ ಒಬ್ಬ ದಲಾಲಿ ವ್ಯಾಪಾರಿಯ ಕೆಲಸ ಸಿಕ್ತು. ನಾಲ್ಕು ಭಾಗ: ಲಾರಿ ಎಂಟ್ರಿಗೆ 50 ಸಾವಿರ, ದಲಾಲಿ ಬಿಲ್ಲಿಗೆ 60, ರೈತರ ಪಟ್ಟಿಗೆ 40, ರಿಪೋರ್ಟಿಗೆ 30. ಒಟ್ಟು 1,80,000. ಮುಂಗಡ 40 ಸಾವಿರ ಕೊಟ್ರು. ಕರಾರುಪತ್ರ ಇಲ್ಲ, ಇದೆಲ್ಲ ಒಂದು ವಾಟ್ಸಾಪ್ ಮೆಸೇಜಿನಲ್ಲಿ. ಅವರ ಉತ್ತರ "ಓಕೆ, ಚಾಲೂ ಕರೋ". ಎಂಟೆಕ್ ಮಾಡಿದವನು ನಾನು, ಒಂದು ಪುಟದ ಕಾಗದ ಬರೆಸಿಕೊಳ್ಳೋ ಬುದ್ಧಿ ಇರಲಿಲ್ಲ.

ಮೊದಲ ಎರಡು ಭಾಗ ಮುಗಿಸಿ ಕೊಟ್ಟೆ. ಅಂಗಡಿಯ ಗುಮಾಸ್ತರು ದಿನಾ ಬಳಸೋಕೆ ಶುರು ಮಾಡಿದ್ರು. ಮೂರನೆಯದು ಅರ್ಧಕ್ಕೆ ಬಂದಾಗ ಸೇಠರ ಫೋನು: ಮಗ ಬೇರೆ ರೆಡಿಮೇಡ್ ಸಾಫ್ಟ್‌ವೇರ್ ನೋಡಿದ್ದಾನೆ, ನಿಮ್ಮದು ಇಲ್ಲಿಗೆ ಬಂದ್. ಬಾಕಿ ಹಣ? "ಕಾಮ್ ಪೂರಾ ನಹೀಂ ಹುವಾ, ಪೈಸಾ ಕಾಯ್ಕಾ?"

ಐರೋಲಿಯಲ್ಲಿರೋ ಗೆಳೆಯ ಹೇಳಿದ: "ಸರ್ವರ್ ಪಾಸ್‌ವರ್ಡ್ ನಿನ್ನ ಹತ್ರನೇ ಐತಲ್ಲೋ, ರಾತ್ರಿ ಲಾಕ್ ಮಾಡು, ಮುಂಜಾನೆ ತಾನಾಗೇ ರೊಕ್ಕ ಹಾಕ್ತಾನ." ನಿಜ ಹೇಳ್ತೀನಿ, ಲಾಗಿನ್ ಆಗಿದ್ದೆ ಕೂಡ. ದಯವಿಟ್ಟು ಇದನ್ನ ಮಾಡಬೇಡಿ. ಅವರ ಹೆಸರಿನ ಸರ್ವರನ್ನ ಅವರ ಅನುಮತಿ ಇಲ್ಲದೆ ಬಂದ್ ಮಾಡೋದು ಐಟಿ ಕಾಯ್ದೆ 2000ರ ಸೆಕ್ಷನ್ 43 ಮತ್ತು 66ರ ಕೆಳಗೆ ಬರುತ್ತೆ. 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ. ದುಡ್ಡು ಬರಬೇಕಾದವನು ಆರೋಪಿ ಆಗಿಬಿಡ್ತಾನೆ.

ಕಲ್ಯಾಣದ ಒಬ್ಬ ವಕೀಲರ ಹತ್ರ ಹೋದೆ. ಅವರ ಮೊದಲ ಪ್ರಶ್ನೆ "ಎಷ್ಟು ಪರ್ಸೆಂಟ್ ಮುಗಿದಿದೆ" ಅಂತಲ್ಲ, "ಅವರು ಏನನ್ನ ಬಳಸ್ತಿದ್ದಾರೆ" ಅಂತ. ಬಾಯಿಮಾತಿನ, ವಾಟ್ಸಾಪಿನ ಒಪ್ಪಂದವೂ ಒಪ್ಪಂದವೇ. ಅದನ್ನ ಮುರಿದರೆ 1872ರ ಕಾಂಟ್ರಾಕ್ಟ್ ಕಾಯ್ದೆಯ ಸೆಕ್ಷನ್ 73ರಲ್ಲಿ ನಷ್ಟ ಕೇಳಬಹುದು. ಒಪ್ಪಂದವೇ ಇಲ್ಲ ಅಂತ ಅವರು ವಾದಿಸಿದ್ರೆ ಸೆಕ್ಷನ್ 70 ಇದೆ: ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ನ್ಯಾಯವಾಗಿ ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಅದಕ್ಕೆ ಪರಿಹಾರ ಕೊಡಬೇಕು.

ಇದಕ್ಕೊಂದು ಹಳೇ ಕೇಸಿದೆ, ನನಗೆ ಬಹಳ ಇಷ್ಟ. 1944ರಲ್ಲಿ ಬಂಗಾಳದಲ್ಲಿ ಬಿ.ಕೆ. ಮಂಡಲ್ ಅಂಡ್ ಸನ್ಸ್ ಅನ್ನೋ ಗುತ್ತಿಗೆದಾರರು ಅಧಿಕಾರಿಗಳು ಕೇಳಿದ್ರು ಅಂತ ಸರ್ಕಾರಿ ಗೋದಾಮು, ಕಚ್ಚಾ ರಸ್ತೆ, ಅಡುಗೆಮನೆ ಕಟ್ಟಿಕೊಟ್ರು. ಆಮೇಲೆ ಸರ್ಕಾರ, ಕಾನೂನಿನ ಪ್ರಕಾರ ಕರಾರೇ ಆಗಿಲ್ಲ ಅಂತು. 1961ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸೆಕ್ಷನ್ 70ರ ಪ್ರಕಾರ ದುಡ್ಡು ಕೊಡಲೇಬೇಕು ಅಂತ ತೀರ್ಪು ಕೊಡ್ತು. ಕಟ್ಟಿಸಿಕೊಂಡು ಬಳಸಿದ್ದೀರಲ್ಲ, ಬೇಡ ಅನ್ನೋದಾಗಿದ್ರೆ ಆಗಲೇ ಅನ್ನಬೇಕಿತ್ತು.

ಬಳಸಿದ್ದಕ್ಕೆ ನನ್ನ ಸಾಕ್ಷಿ ಏನು? ಗಿಟ್ ಕಮಿಟ್‌ಗಳನ್ನೆಲ್ಲ ಪ್ರಿಂಟ್ ತೆಗೆದು ಹೋಗಿದ್ದೆ, ವಕೀಲರು ಅದನ್ನ ಪಕ್ಕಕ್ಕಿಟ್ರು. ಅವರಿಗೆ ಬೇಕಾಗಿದ್ದು ಗುಮಾಸ್ತನ ಕಿರಿಕಿರಿ ಮೆಸೇಜುಗಳು! "ಬಿಲ್ ಎರಡು ಕಾಪಿ ಬರಬೇಕು", "ನಾಸಿಕದ ಲಾರಿ ನಂಬರ್ ತಪ್ಪು ಬಿದ್ದಿದೆ". ಅವತ್ತು ಬೈಕೊಂಡು ಓದಿದ ಒಂದೊಂದೂ ನನ್ನ ಸಾಫ್ಟ್‌ವೇರ್ ಅಂಗಡಿಯಲ್ಲಿ ಓಡ್ತಿತ್ತು ಅನ್ನೋದಕ್ಕೆ ತಾರೀಖು ಸಮೇತ ಪುರಾವೆ.

ಇನ್ನೊಂದು ಹಿಡಿತವೂ ಇತ್ತು. ಸಂಬಳದ ನೌಕರ ಬರೆದ ಕೋಡ್ ಸಾಮಾನ್ಯವಾಗಿ ಕಂಪನಿಯದ್ದು. ಫ್ರೀಲ್ಯಾನ್ಸರ್ ಬರೆದದ್ದು, ಬರಹದಲ್ಲಿ ಸಹಿ ಹಾಕಿ ವರ್ಗಾಯಿಸದಿದ್ದರೆ, ಅವನದ್ದೇ. 1957ರ ಕಾಪಿರೈಟ್ ಕಾಯ್ದೆ. ಕಾಗದ ಮಾಡದ ನನ್ನ ದಡ್ಡತನ ಇಲ್ಲೊಂದು ಕಡೆ ಕೈ ಹಿಡಿತು.

ನೋಟಿಸಿನಲ್ಲಿ ಲೆಕ್ಕ ಹೀಗಿತ್ತು: 50, 60, ಅರ್ಧ ಭಾಗಕ್ಕೆ 20, ಒಟ್ಟು 1,30,000. ಮುಂಗಡ ಕಳೆದು ಬಾಕಿ 90 ಸಾವಿರ. ಸೇಠರು ಕರೆಸಿದ್ರು, ಚಹಾ ಕೊಟ್ರು. ಬಳಸಿದ ಎರಡಕ್ಕೆ ಕೊಡ್ತೀನಿ, ನೋಡದೇ ಇರೋದಕ್ಕೆ ಯಾಕೆ ಕೊಡಲಿ ಅಂದ್ರು. ಆ 20 ಸಾವಿರಕ್ಕೂ ಕೋರ್ಟಿಗೆ ಹೋಗಬಹುದಿತ್ತು. ನಾನು ಹೋಗಲಿಲ್ಲ. 70 ಸಾವಿರ ಎರಡು ಕಂತಲ್ಲಿ ಬಂತು, ಎರಡನೆಯದು ದೀಪಾವಳಿ ಆದ್ಮೇಲೆ. ನನ್ನ ಹೆಂಡತಿ ಇವತ್ತಿಗೂ ಆ 20 ಸಾವಿರ ಮರೆತಿಲ್ಲ.

ಆಮೇಲೆ ಮಾಡಿದ ಮೊದಲ ಕೆಲಸ ಉದ್ಯಮ್ ನೋಂದಣಿ. ಆನ್‌ಲೈನ್, ಪುಕ್ಕಟೆ. ಕೆಲಸ ಒಪ್ಪಿಕೊಳ್ಳೋ ಮುಂಚೆಯೇ ಮಾಡಿಸಿ. ಎಂಎಸ್‌ಎಂಇಡಿ ಕಾಯ್ದೆ 2006ರ ಪ್ರಕಾರ ಆಗ ಕ್ಲೈಂಟ್ ಹೆಚ್ಚೆಂದರೆ 45 ದಿನದಲ್ಲಿ, ಬರಹದ ಕರಾರು ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಡವಾದ್ರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆನ್‌ಲೈನಲ್ಲೇ ದೂರು ಹಾಕಬಹುದು. ಸೇಠರ ವಿಷಯದಲ್ಲಿ ಇದ್ಯಾವುದೂ ನನ್ನ ಕೈಯಲ್ಲಿರಲಿಲ್ಲ. ಈಗಂತೂ ಆದಾಯ ತೆರಿಗೆಯಲ್ಲೂ, ಇಂಥ ಸಣ್ಣ ಉದ್ಯಮಕ್ಕೆ ತಡವಾಗಿ ಕೊಟ್ಟರೆ, ಕೊಡುವವರೆಗೆ ಆ ಖರ್ಚು ತೋರಿಸೋ ಹಾಗಿಲ್ಲ. ಹಾಗಾಗಿ ನಾನು ಸೇಠರ ಬದಲು ಅವರ ಸಿಎಗೆ ಮೇಲ್ ಹಾಕ್ತೀನಿ, ಬೇಗ ಕೆಲಸ ಆಗುತ್ತೆ.

ನೌಕರಿಯಲ್ಲಿ ಇದ್ದುಕೊಂಡು ಫ್ರೀಲ್ಯಾನ್ಸ್ ಮಾಡೋರು ಮೊದಲು ನಿಮ್ಮ ಆಫರ್ ಲೆಟರ್ ಓದಿ, ಅದು ಬೇರೆಯದೇ ತಲೆನೋವು.

ಅಂದಹಾಗೆ, ಆ ರೆಡಿಮೇಡ್ ಸಾಫ್ಟ್‌ವೇರ್ ಅವರಿಗೆ ಒಗ್ಗಲಿಲ್ವಂತೆ. ಕಳೆದ ತಿಂಗಳು ಗುಮಾಸ್ತ ಫೋನ್ ಮಾಡಿದ್ದ: "ಸಾಹೇಬ್, ಬಿಲ್ ಎರಡು ಕಾಪಿ ಇನ್ನೂ ಬರ್ತಿಲ್ಲ."