ಕಾರಿಗೆ ಹಲ್ಲುನೋವಾ, ಚಿಕ್ಕಪ್ಪ?

ಮಕ್ಕಳೇ, ಮೈಸೂರಿನಲ್ಲಿ ದಸರಾ ಎಂದರೆ ಆನೆ, ಅಂಬಾರಿ, ಗೊಂಬೆ ಕೂರಿಸುವುದು. ನಾನಿರುವ ಕೋಲ್ಕತ್ತದ ಬಾಲಿಗಂಜ್‌ನಲ್ಲಿ ಅದೇ ದಿನಗಳಲ್ಲಿ ದುರ್ಗಾಪೂಜೆ. ಬಿದಿರು ಕಟ್ಟಿ, ಬಟ್ಟೆ ಹೊದಿಸಿ, ಬೀದಿಬೀದಿಯಲ್ಲೂ ಪೆಂಡಾಲು ಏಳುತ್ತದೆ. ಒಂದು ವರ್ಷ ನಮ್ಮ ಗಲ್ಲಿಯ ಬಾಯಿಗೇ ಪೆಂಡಾಲು ಬಂತು. ನನ್ನ ಕಾರಿನ ಮೂತಿ ಆ ಕಡೆಗಿತ್ತು. ಹೊರಗೆ ಹೋಗಬೇಕೆಂದರೆ ಗಲ್ಲಿಯ ಇನ್ನೊಂದು ತುದಿಯವರೆಗೂ ಹಿಂದಕ್ಕೇ ಹೋಗಬೇಕು.

ರಜೆಗೆಂದು ಮೈಸೂರಿನಿಂದ ಬಂದಿದ್ದ ಅಣ್ಣನ ಮಗಳು ಪುಟ್ಟಿ ಹಿಂದಿನ ಸೀಟಿನಲ್ಲಿದ್ದಳು. ನಾನು ಕ್ಲಚ್ ತುಳಿದು ರಿವರ್ಸ್ ಹಾಕಿದೆ. ‘ಕರ್ರ್ರ್...’ ಎಂದಿತು. ಗೇರ್ ಬೀಳಲಿಲ್ಲ. ಮತ್ತೊಮ್ಮೆ ತಳ್ಳಿದೆ. ಈ ಸಲ ಸದ್ದೇ ಇಲ್ಲ, ಗೇರೂ ಬೀಳಲಿಲ್ಲ. ಕಲ್ಲಿಗೆ ಒತ್ತಿದ ಹಾಗಾಯಿತು.

“ಕಾರಿಗೆ ಹಲ್ಲುನೋವಾ, ಚಿಕ್ಕಪ್ಪ?” ಎಂದಳು ಪುಟ್ಟಿ.

ನಗು ಬಂತು. ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗೇರ್ ಬಾಕ್ಸಿನ ತುಂಬ ಇರುವುದು ಹಲ್ಲುಗಳೇ. ಒಂದರ ಹಲ್ಲಿನ ಸಂದಿಗೆ ಇನ್ನೊಂದರ ಹಲ್ಲು ಕೂತು ತಿರುಗುವ ಉಕ್ಕಿನ ಚಕ್ರಗಳು.

ನಿಮ್ಮ ಎರಡೂ ಕೈಗಳನ್ನು ಎದುರುಬದುರು ಹಿಡಿಯಿರಿ. ಬೆರಳುಗಳನ್ನು ಅಗಲಿಸಿ, ಒಂದು ಕೈಯ ಬೆರಳು ಇನ್ನೊಂದರ ಸಂದಿಗೆ ಹೋಗುವಂತೆ ಸೇರಿಸಿ. ಸಲೀಸಾಗಿ ಕೂತವು, ಅಲ್ಲವೇ? ಈಗ ಬೆರಳ ತುದಿಗೆ ಬೆರಳ ತುದಿಯನ್ನೇ ತಾಗಿಸಿ ಒತ್ತಿ. ಎಷ್ಟು ಒತ್ತಿದರೂ ಒಳಗೆ ಹೋಗುವುದಿಲ್ಲ. ನನ್ನ ಎರಡನೇ ಪ್ರಯತ್ನದಲ್ಲಿ ಆದದ್ದು ಇದೇ. ಹಲ್ಲಿಗೆ ಹಲ್ಲು ಮುಖಾಮುಖಿ ನಿಂತಿತ್ತು.

ಹಾಗಾದರೆ ಮೊದಲ ಸಲದ ‘ಕರ್ರ್’? ಅದನ್ನು ತಿಳಿಯಲು ತಲೆಯ ಮೇಲಿನ ಫ್ಯಾನ್ ನೋಡಿ. ಸ್ವಿಚ್ ಆರಿಸಿದ ಕ್ಷಣವೇ ಅದು ನಿಲ್ಲುತ್ತದೆಯೇ? ಇಲ್ಲ, ಇನ್ನಷ್ಟು ಸುತ್ತು ತಿರುಗಿಯೇ ನಿಲ್ಲುತ್ತದೆ. ಓಡುತ್ತಿರುವುದಕ್ಕೆ ಓಡುತ್ತಲೇ ಇರುವ ಈ ಗುಣವೇ ಜಡತ್ವ. ಕಾರು ನಿಂತಿದ್ದಾಗಲೂ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು, ಅಂದರೆ ಸೆಕೆಂಡಿಗೆ ಹದಿಮೂರರಷ್ಟು ಸುತ್ತು ತಿರುಗುತ್ತಿರುತ್ತದೆ. ಗೇರ್ ಬಾಕ್ಸಿನೊಳಗಿನ ಒಂದು ದಂಡವನ್ನೂ ತಿರುಗಿಸುತ್ತಿರುತ್ತದೆ. ಕ್ಲಚ್ ತುಳಿಯುವುದೆಂದರೆ ಫ್ಯಾನಿನ ಸ್ವಿಚ್ ಆರಿಸಿದಂತೆ. ಎಂಜಿನ್ನಿಗೂ ಆ ದಂಡಕ್ಕೂ ಇರುವ ನಂಟು ಕಡಿಯುತ್ತದೆ, ಆದರೆ ದಂಡ ತಕ್ಷಣ ನಿಲ್ಲುವುದಿಲ್ಲ. ಇತ್ತ ಕಾರಿನ ಗಾಲಿಗಳ ಕಡೆಯ ದಂಡ ಅಲ್ಲಾಡದೆ ನಿಂತಿದೆ. ತಿರುಗುವ ಹಲ್ಲಿಗೆ ನಿಂತ ಹಲ್ಲನ್ನು ಸೇರಿಸಹೊರಟರೆ ಕರ್ರ್ ಎನ್ನದೆ ಇನ್ನೇನೆಂದೀತು?

“ಹಾಗಾದ್ರೆ ಒಂದನೇ ಗೇರ್ ಯಾಕೆ ಹಾಗನ್ನಲ್ಲ?” ಎಂದಳು ಪುಟ್ಟಿ. ಒಳ್ಳೆಯ ಪ್ರಶ್ನೆ.

ಮುಂದಕ್ಕೆ ಹೋಗುವ ಗೇರುಗಳಲ್ಲಿ ಹಲ್ಲುಚಕ್ರಗಳು ಯಾವಾಗಲೂ ಒಂದಕ್ಕೊಂದು ಸೇರಿಕೊಂಡೇ ಇರುತ್ತವೆ. ಬೇಕಾದದ್ದನ್ನು ದಂಡಕ್ಕೆ ಬಿಗಿಯುವುದಷ್ಟೇ ಕೆಲಸ. ಬಿಗಿಯುವ ಮೊದಲು, ಬಳೆಯಂಥ ಒಂದು ಹಿತ್ತಾಳೆಯ ಉಂಗುರ ಮೆಲ್ಲನೆ ಉಜ್ಜಿ ಎರಡರ ವೇಗವನ್ನೂ ಸರಿಸಮ ಮಾಡುತ್ತದೆ. ಇದಕ್ಕೆ ಸಿಂಕ್ರೋಮೆಶ್ ಎಂದು ಹೆಸರು. ಕಾರಿಗೆ ಇದು ಮೊದಲು ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲ್ಯಾಕ್ ಕಾರಿನಲ್ಲಿ. ಅದಕ್ಕೂ ಮೊದಲು ಗೇರ್ ಬದಲಿಸುವುದು ಕಿವಿಗೊಟ್ಟು ಕಲಿಯಬೇಕಾದ ವಿದ್ಯೆಯಾಗಿತ್ತು.

ರಿವರ್ಸ್‌ಗೆ ಮಾತ್ರ ಬಹಳಷ್ಟು ಕಾರುಗಳಲ್ಲಿ ಈ ಬಳೆಯಿಲ್ಲ. ಹಿಂದಕ್ಕೆ ಹೋಗುವುದು ಅಪರೂಪ, ಅದೂ ಕಾರು ಪೂರ್ತಿ ನಿಂತ ಮೇಲೆ. ಅದಕ್ಕೇಕೆ ಅಷ್ಟು ಖರ್ಚು ಎಂದು ಬಿಟ್ಟಿದ್ದಾರೆ. ಅಲ್ಲಿ ಹಳೆಯ ಕ್ರಮವೇ: ನೆಟ್ಟನೆಯ ಹಲ್ಲುಗಳಿರುವ ಒಂದು ಪುಟ್ಟ ಚಕ್ರ ಜಾರಿಬಂದು ಇನ್ನೆರಡರ ನಡುವೆ ಕೂರಬೇಕು. ಈ ನಡುವಿನ ಚಕ್ರವೇ ಕಾರನ್ನು ಹಿಂದಕ್ಕೆ ಓಡಿಸುವುದು.

ಹೇಗೆಂದು ಮನೆಯಲ್ಲೇ ನೋಡಬಹುದು. ಸೋಡಾ ಬಾಟಲಿಯ ಮೂರು ತಗಡಿನ ಮುಚ್ಚಳ ತನ್ನಿ. ಅಂಚಿನ ಹಲ್ಲುಗಳನ್ನು ಎಣಿಸಿ, 21 ಇರುತ್ತವೆ. ದೊಡ್ಡವರಿಂದ ಸರಿಯಾಗಿ ನಡುವೆ ಮೊಳೆಯಲ್ಲಿ ತೂತು ಮಾಡಿಸಿ, ರಟ್ಟಿನ ಮೇಲೆ ಎರಡನ್ನು ಹಲ್ಲಿಗೆ ಹಲ್ಲು ಸೇರುವಂತೆ ಚುಚ್ಚಿ ನಿಲ್ಲಿಸಿ. ಒಂದನ್ನು ಬಲಕ್ಕೆ ತಿರುಗಿಸಿದರೆ ಇನ್ನೊಂದು ಎಡಕ್ಕೆ ತಿರುಗುತ್ತದೆ. ಈಗ ನಡುವೆ ಮೂರನೆಯದನ್ನು ಸೇರಿಸಿ. ಮೊದಲನೆಯದನ್ನು ಬಲಕ್ಕೆ ತಿರುಗಿಸಿದರೆ ಕೊನೆಯದೂ ಬಲಕ್ಕೇ! ನಡುವೆ ಒಂದು ಚಕ್ರ ಬಂದದ್ದಕ್ಕೇ ದಿಕ್ಕು ಬದಲಾಯಿತು. ಕಾರಿನಲ್ಲೂ ಇಷ್ಟೇ. ನಾಲ್ಕು ಮುಚ್ಚಳ ಜೋಡಿಸಿದರೆ ಏನಾಗುತ್ತದೆ? ನೀವೇ ಮಾಡಿ ನೋಡಿ.

ಇನ್ನು ಗಲ್ಲಿಗೆ ಬರೋಣ. ನಾನು ಗೇರನ್ನು ನ್ಯೂಟ್ರಲ್‌ಗೆ ತಂದು, ಕ್ಲಚ್ ಒಮ್ಮೆ ಬಿಟ್ಟು ಮತ್ತೆ ತುಳಿದೆ. ಒಳಗಿನ ದಂಡ ಒಂದಿಷ್ಟು ತಿರುಗಿ, ಮುಖಾಮುಖಿ ನಿಂತ ಹಲ್ಲುಗಳು ಪಕ್ಕಕ್ಕೆ ಸರಿದವು. ಆಮೇಲೆ ಒಂದನೇ ಗೇರ್ ಹಾಕಿದೆ. ಹಿತ್ತಾಳೆಯ ಬಳೆ ಬ್ರೇಕಿನಂತೆ ಉಜ್ಜಿ ದಂಡವನ್ನು ನಿಲ್ಲಿಸಿತು. ಅಲ್ಲಿಂದ ಕ್ಲಚ್ ಬಿಡದೆ ರಿವರ್ಸ್‌ಗೆ ತಂದೆ. ‘ಟಕ್’ ಎಂದು ಬಿತ್ತು. ಪೆಂಡಾಲಿನ ಹುಡುಗನೊಬ್ಬ ಹಿಂದೆ ನಿಂತು “ಆಸ್ತೆ, ಆಸ್ತೆ” ಎಂದು ಕೈಬೀಸಿದ. ಬಂಗಾಳಿಯಲ್ಲಿ ನಿಧಾನ ಎಂದರ್ಥ. ಕಾರು ‘ಊಂ...’ ಎಂದು ಹಾಡುತ್ತಾ ಹಿಂದಕ್ಕೆ ಹೊರಟಿತು.

ಆ ಹಾಡೂ ಹಲ್ಲಿನದ್ದೇ. ಮುಂದಿನ ಗೇರುಗಳ ಹಲ್ಲು ಓರೆಯಾಗಿರುತ್ತದೆ. ಒಂದು ಹಲ್ಲು ಇನ್ನೊಂದನ್ನು ತುದಿಯಿಂದ ಮೆಲ್ಲನೆ ಮುಟ್ಟುತ್ತಾ ಹೋಗುವುದರಿಂದ ಸದ್ದು ಕಡಿಮೆ. ನೆಟ್ಟನೆಯ ಹಲ್ಲು ಉದ್ದಕ್ಕೂ ಒಂದೇ ಸಲ ಟಕ್ ಎಂದು ಬಡಿಯುತ್ತದೆ. ಚಕ್ರಕ್ಕೆ 12 ಹಲ್ಲು, ಸೆಕೆಂಡಿಗೆ 13 ಸುತ್ತು ಎಂದಿಟ್ಟುಕೊಳ್ಳಿ. ಒಂದು ಸೆಕೆಂಡಿನಲ್ಲಿ 156 ಟಕ್! ನಮ್ಮ ಕಿವಿ ಅವನ್ನು ಬಿಡಿಸಿ ಕೇಳಲಾರದೆ ಒಂದೇ ‘ಊಂ’ ಎಂದು ಕೇಳುತ್ತದೆ.

ಮರುದಿನವೂ ‘ಕರ್ರ್’. ಅದರ ಮರುದಿನವೂ. ಕ್ಲಚ್ ತುಳಿದು ಐದು ಸೆಕೆಂಡು ಕಾದರೂ ಅದೇ. ಜೋರಾಗಿ ತಳ್ಳಿದರೆ ಹಲ್ಲಿನ ಅಂಚು ಮುರಿದೀತೆಂದು ಗ್ಯಾರೇಜಿಗೆ ಹೋದೆವು. ಅಲ್ಲಿಯ ಮಿಸ್ತ್ರಿ ಮೊದಲು ಎಂಜಿನ್ ಆರಿಸಿ ರಿವರ್ಸ್ ಹಾಕಿದ. ಬೆಣ್ಣೆಯಂತೆ ಬಿತ್ತು. ಎಂಜಿನ್ ಹಚ್ಚಿ ಹಾಕಿದ. ಕರ್ರ್!

ಇಷ್ಟರಿಂದಲೇ ಅರ್ಧ ಉತ್ತರ ಸಿಕ್ಕಿತು. ಎಂಜಿನ್ ಆರಿಸಿದಾಗಲೂ ಗೇರ್ ಬೀಳದಿದ್ದರೆ ಗೇರ್ ಲಿವರಿನಿಂದ ಬಾಕ್ಸಿಗೆ ಹೋಗುವ ಕೇಬಲ್ಲು, ಸರಳುಗಳನ್ನು ನೋಡಬೇಕು. ಆರಿಸಿದಾಗ ಬಿದ್ದು, ಹಚ್ಚಿದಾಗ ಬೀಳದಿದ್ದರೆ ಅನುಮಾನ ಕ್ಲಚ್ಚಿನ ಮೇಲೆ. ತುಳಿದರೂ ಅದು ಎಂಜಿನ್ನಿನ ನಂಟನ್ನು ಪೂರ್ತಿ ಬಿಡುತ್ತಿಲ್ಲ, ದಂಡ ನಿಲ್ಲುತ್ತಲೇ ಇಲ್ಲ. ಕ್ಲಚ್ ಕೇಬಲ್ ಸಡಿಲವಾಗಿರಬಹುದು, ಕೆಲವು ಕಾರುಗಳಲ್ಲಿ ಕ್ಲಚ್ಚಿನ ಎಣ್ಣೆ ಕಡಿಮೆಯಾಗಿರಬಹುದು.

ಮಿಸ್ತ್ರಿ ಕೇಬಲ್ ನೋಡಿದ, ಸರಿಯಿತ್ತು. ಅಷ್ಟರಲ್ಲಿ ತೆರೆದ ಬಾಗಿಲ ಬಳಿ ನಿಂತು ಒಳಗೆ ಬಗ್ಗಿ ನೋಡುತ್ತಿದ್ದ ಪುಟ್ಟಿ, “ಚಿಕ್ಕಪ್ಪ, ಮ್ಯಾಟ್ ಮಡಚಿಕೊಂಡಿದೆ” ಎಂದಳು. ಹಬ್ಬಕ್ಕೆಂದು ಹಾಕಿಸಿದ್ದ ಹೊಸ ರಬ್ಬರ್ ಮ್ಯಾಟ್ ಮುಂದಕ್ಕೆ ಜಾರಿ ಕ್ಲಚ್ ಪೆಡಲಿನ ಕೆಳಗೆ ದಪ್ಪ ಸುರುಳಿಯಾಗಿತ್ತು. ಪೆಡಲ್ ತಳದವರೆಗೆ ಹೋಗಲು ಎರಡು ಬೆರಳಿನಷ್ಟು ಜಾಗ ಕಡಿಮೆ. ಮ್ಯಾಟ್ ಎಳೆದು ಸರಿಮಾಡಿದೆವು. ಗೇರ್ ಟಕ್ಕೆಂದು ಬಿತ್ತು. ಮಿಸ್ತ್ರಿ ಕಾಸು ಮುಟ್ಟಲಿಲ್ಲ. ಪುಟ್ಟಿಗೆ ಸಂದೇಶ್ ಎಂಬ ಬಂಗಾಳಿ ಸಿಹಿಯೊಂದನ್ನು ತಿನ್ನಿಸಿ ಕಳಿಸಿದ.

ಅಲ್ಲಿಂದ ಗುರುಸದಯ್ ರಸ್ತೆಯ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋದೆವು. ಬಾಲಿಗಂಜ್‌ನ ಈ ಕಟ್ಟಡ ಮೊದಲು ಬಿರ್ಲಾ ಕುಟುಂಬದ ಮನೆ. 1959ರ ಮೇ 2ರಂದು ವಿಜ್ಞಾನ ಸಂಗ್ರಹಾಲಯವಾಗಿ ತೆರೆಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ನೀವು ನೋಡುವ ವಿಶ್ವೇಶ್ವರಯ್ಯ ಸಂಗ್ರಹಾಲಯ ಇದರ ತಂಗಿಯಿದ್ದಂತೆ. ಬಿರ್ಲಾ ಮನೆತನದ್ದೇ ಆದ ಹಿಂದೂಸ್ತಾನ್ ಮೋಟಾರ್ಸ್ ಇಲ್ಲಿಗೆ ಹತ್ತಿರದ ಉತ್ತರಪಾರಾದಲ್ಲಿ 2014ರವರೆಗೆ ಅಂಬಾಸಿಡರ್ ಕಾರು ತಯಾರಿಸುತ್ತಿತ್ತು. ಕೋಲ್ಕತ್ತದ ಹಳದಿ ಟ್ಯಾಕ್ಸಿಗಳು ಬಹುಕಾಲ ಅವೇ ಆಗಿದ್ದವು. ಆ ಕಾರಿನ ಗೇರ್ ಲಿವರ್ ಬಹುಕಾಲ ಸ್ಟೇರಿಂಗಿನ ಪಕ್ಕದಲ್ಲೇ ಇತ್ತು.

ವಾಪಸು ಬರುವಾಗ ಗರಿಯಾಹಾಟಿನಲ್ಲಿ ಟ್ರಾಂ ಕಂಬಿ ಕಂಡು ಪುಟ್ಟಿ ಕೇಳಿದಳು: “ಟ್ರಾಂಗೂ ರಿವರ್ಸ್ ಗೇರ್ ಇರುತ್ತಾ?”

ಇರುವುದಿಲ್ಲ. ಈ ಊರಿನಲ್ಲಿ 1902ರಿಂದ ಟ್ರಾಂ ಓಡಿದ್ದು ವಿದ್ಯುತ್ತಿನಿಂದ. ಮೋಟಾರಿನೊಳಗೆ ಕರೆಂಟು ಹರಿಯುವ ರೀತಿ ಬದಲಿಸಿದರೆ ಮೋಟಾರೇ ಉಲ್ಟಾ ತಿರುಗುತ್ತದೆ. 2001ರಲ್ಲಿ ಬೆಂಗಳೂರಿನಿಂದ ಬಂದ ಪುಟ್ಟ ವಿದ್ಯುತ್ ಕಾರು ರೇವಾ ಕೂಡ ಹಾಗೆಯೇ. ಪೆಟ್ರೋಲ್ ಎಂಜಿನ್ ಮಾತ್ರ ಸದಾ ಒಂದೇ ದಿಕ್ಕಿಗೆ ತಿರುಗುವಂಥದ್ದು. ಅದಕ್ಕೇ ಆ ನಡುವಿನ ಚಕ್ರ ಬೇಕು.

ದಶಮಿಯ ಮೇಲೆ ಪೆಂಡಾಲು ಬಿಚ್ಚಿದರು. ಗಲ್ಲಿ ತೆರೆಯಿತು. ಪುಟ್ಟಿಯನ್ನು ರೈಲು ಹತ್ತಿಸಲು ಕಾರು ಹಚ್ಚಿ, ಒಂದನೇ ಗೇರಿಗೆ ಕೈ ಹಾಕಿದೆ.

“ಚಿಕ್ಕಪ್ಪ, ಒಂದ್ಸಲ ರಿವರ್ಸ್ ಹಾಕಿ,” ಎಂದಳು ಹಿಂದಿನಿಂದ. “ಆ 156 ಟಕ್ ಇನ್ನೊಂದ್ಸಲ ಕೇಳ್ಬೇಕು.”